ಪ್ರತಿ ಸಭೆಗೂ ಒಬ್ಬ ಪಾದ್ರಿ ಬೇಕೇ?

ಬರ್ಮಿಂಗ್‌ಹ್ಯಾಮ್ ನಗರದ ಉತ್ತರ ಅಂಚಿನಲ್ಲಿರುವ ಸಟನ್ ಕೋಲ್ಡ್‌ಫೀಲ್ಡ್‌ನ ಚರಿತ್ರೆಯಲ್ಲಿ ಇಬ್ಬರು ಧರ್ಮನಾಯಕರು ಎದ್ದು ಕಾಣುತ್ತಾರೆ. ಒಬ್ಬರು ಜಾನ್ ವೀಸಿ. ಇದೇ ಊರಲ್ಲಿ ಹುಟ್ಟಿ 1519ರಲ್ಲಿ ಎಕ್ಸೆಟರ್‌ನ ಬಿಷಪ್ ಆದವರು. 1528ರಲ್ಲಿ ದೊರೆ ಎಂಟನೇ ಹೆನ್ರಿಯಿಂದ ಹುಟ್ಟೂರಿಗೆ ಸನದು ಕೊಡಿಸಿದವರು. ಇನ್ನೊಬ್ಬರು ಫ್ರಾನ್ಸಿಸ್ ಆಸ್ಬರಿ. ಹತ್ತಿರದ ಗ್ರೇಟ್ ಬಾರ್‌ನಲ್ಲಿ ಬೆಳೆದ ತೋಟಗಾರನ ಮಗ. ಕುಲುಮೆಯ ಕೆಲಸ ಕಲಿಯುತ್ತಿದ್ದ ಈ ಹುಡುಗ 1760ರ ದಶಕದ ಮೊದಲ ವರ್ಷಗಳಲ್ಲಿ, ಹದಿಹರೆಯ ಮುಗಿಯುವ ಮೊದಲೇ, ಯಾವ ದೀಕ್ಷೆಯೂ ಇಲ್ಲದೆ ಸಟನ್‌ನಲ್ಲಿ ಕೂಟ ಸೇರಿಸಿ ಉಪದೇಶ ಮಾಡುತ್ತಿದ್ದ. ಮುಂದೆ ಅವನೇ ಅಮೆರಿಕದ ಮೆಥೊಡಿಸ್ಟ್ ಸಭೆಯ ಮೊದಲ ಬಿಷಪ್‌ಗಳಲ್ಲಿ ಒಬ್ಬನಾದ.

ಪ್ರೊಟೆಸ್ಟೆಂಟ್ ಸಭೆಯನ್ನು ನಡೆಸಬೇಕಾದವರು ಯಾರು ಎಂಬ ಹಳೇ ತಕರಾರಿನಲ್ಲಿ ಎರಡೂ ಪಕ್ಷದವರು ಈ ಇಬ್ಬರನ್ನು ಸಾಕ್ಷಿಗೆ ಕರೆಯಬಹುದು. ತಕರಾರು ಈಗ ಬಿಸಿಯೇರಿದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ತಮ್ಮನ್ನು ಕ್ರೈಸ್ತರೆಂದು ಹೇಳಿಕೊಂಡವರ ಪ್ರಮಾಣ 2011ರ ಜನಗಣತಿಯಲ್ಲಿ ಶೇ 59.3 ಇದ್ದದ್ದು 2021ರಲ್ಲಿ ಶೇ 46.2ಕ್ಕೆ ಇಳಿಯಿತು. ಬರ್ಮಿಂಗ್‌ಹ್ಯಾಮ್‌ನಲ್ಲಿ ಅದು ಶೇ 34. ದೇವಾಲಯದ ಆಸನಗಳು ಖಾಲಿಯಾದ ಹಾಗೆ ಕಾಣಿಕೆಯೂ ಇಳಿಯಿತು, ಪಾದ್ರಿಗಳ ಹುದ್ದೆಯೂ ಕರಗಿತು. ನಮ್ಮ ದಕ್ಷಿಣ ಭಾರತ ಸಭೆಯ (ಸಿಎಸ್‌ಐ) ಊರುಗಳಲ್ಲಿ ಕಾರಣ ಬೇರೆ ಇರಬಹುದು, ಪಾಡು ಅದೇ: ಒಬ್ಬ ಸಭಾಪಾಲಕರಿಗೆ ನಾಲ್ಕೈದು ಹಳ್ಳಿ. ಹಾಗಾದರೆ ಪ್ರತಿ ಸಭೆಗೂ ಅಲ್ಲೇ ನೆಲೆಸುವ ದೀಕ್ಷಿತ ಪಾದ್ರಿ ಇರಲೇಬೇಕೇ? ಊರಿನ ವಿಶ್ವಾಸಿಗಳೇ ಸಭೆ ನಡೆಸಿಕೊಂಡು ಹೋದರೆ ಸಾಲದೇ?

ಪರ: ಬೇಕು, ಅದರಲ್ಲಿ ರಾಜಿ ಇಲ್ಲ

ಮಂದೆಗೆ ಕುರುಬ ಬೇಕು ಎಂಬುದು ಬೈಬಲ್ ಓದಿದವರಿಗೆಲ್ಲ ಗೊತ್ತು. ಕುರುಬ ದೂರವಿದ್ದರೆ ಏನಾಗುತ್ತದೆ ಎಂದು ತಿಳಿಯಲು ವೀಸಿಯವರನ್ನೇ ನೋಡಿ. ಸಟನ್‌ಗೆ ಅವರು ದೊಡ್ಡ ಉಪಕಾರಿ. ಶಾಲೆ ಕಟ್ಟಿಸಿದರು, ಹೋಲಿ ಟ್ರಿನಿಟಿ ದೇವಾಲಯವನ್ನು ವಿಸ್ತರಿಸಿದರು, ಕಲ್ಲಿನ ಮನೆಗಳನ್ನು ಕಟ್ಟಿಸಿದರು. ಆದರೆ ಅವರ ಮೇಲ್ವಿಚಾರಣೆಗೆ ಒಪ್ಪಿಸಿದ್ದ ಜನ ಇದ್ದದ್ದು ದೂರದ ಡೆವನ್, ಕಾರ್ನ್‌ವಾಲ್‌ಗಳಲ್ಲಿ. ಬಿಷಪ್ ಮಾತ್ರ ಬಹುಕಾಲ ಸಟನ್‌ನ ಮೂರ್ ಹಾಲ್‌ನಲ್ಲಿ. 1549ರಲ್ಲಿ ಹೊಸ ಇಂಗ್ಲಿಷ್ ಪ್ರಾರ್ಥನಾ ಪುಸ್ತಕವನ್ನು ಮೇಲಿನಿಂದ ಹೇರಿದಾಗ ಆ ಎರಡು ಸೀಮೆಗಳು ದಂಗೆ ಎದ್ದವು, ಎಕ್ಸೆಟರ್ ನಗರಕ್ಕೆ ವಾರಗಟ್ಟಲೆ ಮುತ್ತಿಗೆ ಬಿತ್ತು. ಜನರ ಅಳಲು ಕೇಳಿ, ಹೊಸದನ್ನು ತಿಳಿಹೇಳಿ, ನಡುವೆ ನಿಲ್ಲಬೇಕಾದವರು ಊರಲ್ಲಿ ಇರಲಿಲ್ಲ. 1551ರಲ್ಲಿ ಆ ಪೀಠ ಬೈಬಲ್ ಅನುವಾದಕ ಮೈಲ್ಸ್ ಕವರ್ಡೇಲ್ ಅವರ ಪಾಲಾಯಿತು. ಪಾದ್ರಿ ಊರಲ್ಲಿ ಇರುವುದೇ ಅರ್ಧ ಸೇವೆ.

ಇನ್ನರ್ಧ, ಓದು. ವೇದವಾಕ್ಯವನ್ನು ವಿವರಿಸಲು ಭಕ್ತಿ ಬೇಕು, ನಿಜ; ಭಕ್ತಿಯೊಂದೇ ಸಾಲದು. ಮಂಗಳೂರಿನ ಹೆರ್ಮನ್ ಆನಂದರಾವ್ ಕೌಂಡಿನ್ಯ 1844ರಲ್ಲಿ ದೀಕ್ಷಾಸ್ನಾನ ಪಡೆದ ಮೇಲೆ ಬಾಸೆಲ್‌ಗೆ ಹೋಗಿ ಓದಿ, ದೀಕ್ಷೆ ಪಡೆದು ಬಂದರು; ಬಂದು ಬಾಸೆಲ್ ಮಿಶನ್ನಿನ ಮಂಗಳೂರು ಸೆಮಿನರಿಯಲ್ಲಿ ಮುಂದಿನ ಪೀಳಿಗೆಯನ್ನು ತಯಾರು ಮಾಡಿದರು. ಅದೇ ಸೆಮಿನರಿಯಲ್ಲಿ ಓದಿದ ಉತ್ತಂಗಿ ಚನ್ನಪ್ಪನವರು ಧರ್ಮಬೋಧಕರಾಗಿ ಉತ್ತರ ಕರ್ನಾಟಕದ ಹಳ್ಳಿಗಳನ್ನು ಸುತ್ತುತ್ತಲೇ ಸರ್ವಜ್ಞನ ವಚನಗಳನ್ನು ಕಲೆಹಾಕಿದರು, 1924ರಲ್ಲಿ ಅಚ್ಚು ಹಾಕಿಸಿದರು, 1949ರ ಗುಲ್ಬರ್ಗ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಸುತ್ತಲಿನ ಜನರ ನುಡಿ, ನಂಬಿಕೆಗಳನ್ನು ಇಷ್ಟು ಆಳವಾಗಿ ಬಲ್ಲ ಬೋಧಕರು ಶನಿವಾರ ರಾತ್ರಿ ಪ್ರಸಂಗ ಬರೆದು ಭಾನುವಾರ ಓದುವ ಬಿಡುವಿನ ಸೇವೆಯಿಂದ ಹುಟ್ಟುವುದಿಲ್ಲ.

ಮೂರನೆಯದು, ಹೊಣೆ. ದೀಕ್ಷಿತರ ಮೇಲೆ ಬಿಷಪ್, ಕಾನೂನು, ಶಿಸ್ತಿನ ಕ್ರಮ ಇರುತ್ತದೆ. ಇಂಗ್ಲೆಂಡಿನಲ್ಲಿ ಕ್ರೈಸ್ತ ಹುಡುಗರ ಶಿಬಿರ ನಡೆಸುತ್ತಿದ್ದ ವಕೀಲ ಜಾನ್ ಸ್ಮಿತ್ ದೀಕ್ಷಿತ ಪಾದ್ರಿಯಲ್ಲ. ಆತ ನೂರಕ್ಕೂ ಹೆಚ್ಚು ಹುಡುಗರನ್ನು, ತರುಣರನ್ನು ಹಿಂಸಿಸಿದ್ದ. 2024ರ ನವೆಂಬರ್‌ನಲ್ಲಿ ಅದರ ತನಿಖಾ ವರದಿ ಹೊರಬಿದ್ದಾಗ ಇಂಗ್ಲೆಂಡಿನ ಆಂಗ್ಲಿಕನ್ ಸಭೆಯ ಮುಖಂಡ, ಆರ್ಚ್‌ಬಿಷಪ್ ಜಸ್ಟಿನ್ ವೆಲ್ಬಿ ರಾಜೀನಾಮೆ ಘೋಷಿಸಬೇಕಾಯಿತು. ಹೇಳೋರು ಕೇಳೋರು ಇಲ್ಲದ ಮುಂದಾಳತ್ವ ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕೇ?

ಆಸ್ಬರಿಯ ಹೆಸರು ಹೇಳಿ ನಮ್ಮ ಬಾಯಿ ಮುಚ್ಚಿಸಲು ಬರುವವರು ಅವರ ಕತೆಯನ್ನು ಕೊನೆತನಕ ಓದಲಿ. 1779ರಲ್ಲಿ ವರ್ಜೀನಿಯಾದ ಮೆಥೊಡಿಸ್ಟ್ ಬೋಧಕರು, ದೀಕ್ಷಿತರಿಗಾಗಿ ಕಾದು ಬೇಸತ್ತು, ತಾವೇ ಒಬ್ಬರಿಗೊಬ್ಬರು ದೀಕ್ಷೆ ಕೊಟ್ಟುಕೊಂಡು ಪ್ರಭುಭೋಜನ ನಡೆಸಲು ಶುರುಮಾಡಿದರು. ಅದಕ್ಕೆ ಅಡ್ಡ ನಿಂತವರು ಆಸ್ಬರಿಯೇ. ಮರುವರ್ಷ ಅವರನ್ನು ಒಪ್ಪಿಸಿ ಆ ಸಂಸ್ಕಾರ ನಿಲ್ಲಿಸಿದರು. ಮೆಥೊಡಿಸ್ಟ್ ಚಳವಳಿಯ ಮೂಲಪುರುಷ ಜಾನ್ ವೆಸ್ಲಿಯವರ ಅಪ್ಪಣೆಗೆ ಕಾದರು. ಜನ ಮನ್ನಣೆ ಕೊಟ್ಟ ಈ ಬೋಧಕರಿಗೂ ಸಭೆ ಕೈಯಿಟ್ಟು ಕೊಡುವ ಅಧಿಕಾರದ ಬೆಲೆ ತಿಳಿದಿತ್ತು.

ಬರ್ಮಿಂಗ್‌ಹ್ಯಾಮ್‌ನದೇ ಇನ್ನೊಂದು ಉದಾಹರಣೆ. ಮಧುರೆಯಲ್ಲೂ ಮದ್ರಾಸಿನಲ್ಲೂ ಸಿಎಸ್‌ಐ ಬಿಷಪ್ ಆಗಿದ್ದ ಲೆಸ್ಲಿ ನ್ಯೂಬಿಗಿನ್ 1974ರಲ್ಲಿ ಇಂಗ್ಲೆಂಡಿಗೆ ಮರಳಿ ಸೆಲ್ಲಿ ಓಕ್‌ನಲ್ಲಿ ಪಾಠ ಹೇಳುತ್ತಿದ್ದರು. ಅದೇ ನಗರದ ವಿನ್ಸನ್ ಗ್ರೀನ್‌ನ ಜೈಲಿನೆದುರಿನ ಪುಟ್ಟ ಸಭೆಯನ್ನು ಮುಚ್ಚುವ ಮಾತು ಬಂದಾಗ, ಎಪ್ಪತ್ತರ ವಯಸ್ಸಿನ ಈ ನಿವೃತ್ತ ಬಿಷಪ್ ಅಲ್ಲಿನ ಪಾಲಕರಾಗಲು ತಾವೇ ಮುಂದೆ ಬಂದರು. 1980ರ ದಶಕದ ಬಹುಭಾಗ ಆ ಬಡ, ಬಹುಭಾಷಿಕ ಬೀದಿಗಳಲ್ಲಿ ಬಾಗಿಲು ಬಾಗಿಲು ತಟ್ಟಿದರು. ಸಭೆ ಮುಚ್ಚಲಿಲ್ಲ. ಅದನ್ನು ಉಳಿಸಿದ್ದು ದುಡ್ಡು, ಯೋಜನೆ, ಸಮಿತಿ ಅಲ್ಲ; ಒಬ್ಬ ಪಾಲಕರು.

ವಿರೋಧ: ಕಡ್ಡಾಯ ಮಾಡಿದರೆ ಸಭೆಯೇ ಸೊರಗುತ್ತದೆ

ಭಾನುವಾರ ನಮ್ಮ ಯಾವುದಾದರೂ ಹಳ್ಳಿ ಸಭೆಗೆ ಹೋಗಿ ಕುಳಿತುಕೊಳ್ಳಿ. ಗಂಟೆ ಹೊಡೆಯುವವರು, ಚಾಪೆ ಹಾಸುವವರು, ಕೀರ್ತನೆ ಎತ್ತಿಕೊಳ್ಳುವವರು, ವೇದಪಾಠ ಓದುವವರು ಎಲ್ಲ ಊರಿನವರೇ. ದೀಕ್ಷೆಯಿಲ್ಲದ ಉಪದೇಶಿಯೇ ಪ್ರಸಂಗ ಮಾಡುತ್ತಾರೆ, ಕಾಯಿಲೆಯವರ ಹೆಸರು ಹಿಡಿದು ಪ್ರಾರ್ಥಿಸುತ್ತಾರೆ, ಕಾಣಿಕೆ ಎಣಿಸಿ ಪುಸ್ತಕಕ್ಕೆ ಬರೆಯುತ್ತಾರೆ. ಪ್ರಭುಭೋಜನ ಮಾತ್ರ ಇಲ್ಲ. ಅದಕ್ಕೆ ಪಾದ್ರಿ ಅಯ್ಯನವರು ಬರಬೇಕು, ಅವರಿಗೆ ಇನ್ನೂ ನಾಲ್ಕು ಊರಿದೆ. ಸಾವಿನ ಮನೆಗೆ ಮೊದಲು ಓಡುವ ಉಪದೇಶಿಗೆ ರೊಟ್ಟಿ ಮುರಿಯುವ ಅಧಿಕಾರವಿಲ್ಲ. ಮನೆಮಂದಿಯ ಹೆಸರೂ ಸರಿಯಾಗಿ ಗೊತ್ತಿಲ್ಲದವರಿಗೆ ಇದೆ. ಕಟ್ಟಳೆಯೇ ಹೀಗಿರುವಾಗ ಪಾದ್ರಿ ಕೊರತೆಯ ಬಗ್ಗೆ ಅಳುವುದರಲ್ಲಿ ಅರ್ಥವಿಲ್ಲ.

ವೀಸಿಯವರ ಕತೆಯಿಂದ ಎದುರು ಪಕ್ಷ ತಪ್ಪು ಪಾಠ ಕಲಿತಿದೆ. ಅವರು ದೀಕ್ಷಿತರಲ್ಲವೇ? ಬಿಷಪ್ಪರೇ ಆಗಿದ್ದರು! ದೀಕ್ಷೆ ಅವರನ್ನು ಎಕ್ಸೆಟರ್‌ನಲ್ಲಿ ಕಟ್ಟಿಹಾಕಲಿಲ್ಲ. ಅವರೇ ಸಟನ್‌ಗೆ ಕೊಡಿಸಿದ ಸನದು ಊರಿನ ಆಡಳಿತವನ್ನೂ ವಿಶಾಲ ಉದ್ಯಾನವನ್ನೂ ಊರ ಜನರ ಕೈಗೇ ಒಪ್ಪಿಸಿತು. ಆ ಸಟನ್ ಪಾರ್ಕ್ ಇಂದಿಗೂ ಉಳಿದಿದೆ. ಊರಿನವರಿಗೆ ಹೊಣೆ ಕೊಟ್ಟರೆ ಕಾಪಾಡಿಕೊಳ್ಳುತ್ತಾರೆ ಎಂಬುದೇ ಅದರ ಪಾಠ.

ಮೆಥೊಡಿಸ್ಟರಿಗೆ ಇದು ಹೊಸದಲ್ಲ. ಕೆಲವು ತಿಂಗಳಿಗೊಮ್ಮೆ ಅವರ ಸರ್ಕಿಟ್, ಅಂದರೆ ಒಂದು ಸೀಮೆಯ ಸಭೆಗಳ ಗುಂಪು, ಒಂದು ಪ್ಲಾನ್ ಹೊರಡಿಸುತ್ತದೆ. ಎಡಗಡೆ ದೇವಾಲಯಗಳ ಹೆಸರು, ಮೇಲ್ಗಡೆ ಭಾನುವಾರಗಳ ತಾರೀಕು, ನಡುವಿನ ಒಂದೊಂದು ಚೌಕದಲ್ಲೂ ಆ ದಿನದ ಬೋಧಕರ ಹೆಸರು. ಆ ಹೆಸರುಗಳಲ್ಲಿ ಬಹಳಷ್ಟು ಮೇಷ್ಟ್ರದು, ನರ್ಸ್‌ಗಳದು, ನಿವೃತ್ತ ಗುಮಾಸ್ತರದು. ಅವರು ಓದಿ, ಪರೀಕ್ಷೆ ಕೊಟ್ಟು, ಹಿರಿಯರೆದುರು ಪ್ರಸಂಗ ಮಾಡಿ ತೇರ್ಗಡೆಯಾದವರೇ. ಪಾದ್ರಿಯಿಲ್ಲದೆ ಜನ ಪ್ರಭುಭೋಜನದಿಂದ ವಂಚಿತರಾಗುವ ಕಡೆ, ದೀಕ್ಷೆಯಿಲ್ಲದವರಿಗೂ ಅದನ್ನು ನಡೆಸುವ ಅಪ್ಪಣೆಯನ್ನು ಬ್ರಿಟನ್ನಿನ ಮೆಥೊಡಿಸ್ಟ್ ಕಾನ್ಫರೆನ್ಸ್ ಕೊಡುತ್ತದೆ. ದಕ್ಷಿಣ ಭಾರತದಲ್ಲೂ 1947ರಲ್ಲಿ ಸಭೆಗಳು ಒಂದುಗೂಡಿ ಸಿಎಸ್‌ಐ ಆಗುವ ಮುಂಚಿನ ಮಾತುಕತೆಯಲ್ಲಿ ಇದೇ ಬೇಡಿಕೆ ಎದ್ದಿತ್ತು. ಸಿಎಸ್‌ಐ ಆಗ ದೀಕ್ಷಿತರೇ ನಡೆಸಬೇಕೆಂಬ ದಾರಿ ಹಿಡಿಯಿತು. ಹಿಡಿದದ್ದನ್ನು ಮರುಯೋಚಿಸಬಾರದು ಎಂದೇನೂ ಇಲ್ಲ.

ಕರ್ನಾಟಕದ ಸಭೆಗಳು ಈ ಪರೀಕ್ಷೆಯನ್ನು ಒಮ್ಮೆ ಬರೆದಿವೆ. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದ ಮೇಲೆ ಬಾಸೆಲ್ ಮಿಶನ್ನಿನ ಜರ್ಮನ್ ಪಾದ್ರಿಗಳನ್ನು ಬ್ರಿಟಿಷ್ ಸರ್ಕಾರ ಬಂಧಿಸಿ ಶಿಬಿರಕ್ಕೆ ಅಟ್ಟಿತು. ಕರಾವಳಿಯಲ್ಲೂ ಧಾರವಾಡ ಸೀಮೆಯಲ್ಲೂ ಆರಾಧನೆ ನಿಲ್ಲಲಿಲ್ಲ. ಕೈಬೆರಳೆಣಿಕೆಯ ದೇಶೀ ಪಾದ್ರಿಗಳ ಜೊತೆಗೆ ಉಪದೇಶಿಗಳು, ಸಭಾ ಹಿರಿಯರು, ಶಾಲೆಯ ಮಾಸ್ತರರು ಹೊರೆ ಹೊತ್ತರು. ಅದಕ್ಕೂ ಮುಂಚಿನಿಂದ, ಗಂಡಸು ಪಾದ್ರಿ ಹೊಕ್ಕಲಾಗದ ಒಳಮನೆಗಳಿಗೆ ಸುವಾರ್ತೆ ಒಯ್ದವರು ಬೈಬಲ್ ಸ್ತ್ರೀಯರು. ಅವರಿಗೆ ದೀಕ್ಷೆಯ ಬಾಗಿಲೇ ಮುಚ್ಚಿತ್ತು; ಸಿಎಸ್‌ಐ ಹೆಂಗಸರಿಗೆ ಪಾದ್ರಿ ದೀಕ್ಷೆ ಕೊಟ್ಟದ್ದು 1976ರಲ್ಲಿ, ಇಂಗ್ಲೆಂಡಿನ ಆಂಗ್ಲಿಕನ್ ಸಭೆ 1994ರಲ್ಲಿ. ದೀಕ್ಷಿತರೇ ಬೇಕೆಂಬ ಹಟದಲ್ಲಿ ಅರ್ಧ ಸಭೆಯನ್ನು ತಲೆಮಾರುಗಟ್ಟಲೆ ಹೊರಗಿಟ್ಟಿದ್ದೆವು.

ಜಾನ್ ಸ್ಮಿತ್ ಮಾತು ಬಂತಲ್ಲ, ಆತನ ಕೃತ್ಯ ಗೊತ್ತಿದ್ದೂ ಮುಚ್ಚಿಟ್ಟವರಲ್ಲಿ ದೀಕ್ಷಿತರೂ ಇದ್ದರು. 2015ರಲ್ಲಿ ಲೈಂಗಿಕ ದೌರ್ಜನ್ಯಕ್ಕಾಗಿ ಜೈಲು ಸೇರಿದ ಪೀಟರ್ ಬಾಲ್ ಬಿಷಪ್ ಆಗಿದ್ದವರು. ನಿಲುವಂಗಿ ಯಾರನ್ನೂ ಕಾಪಾಡಲಿಲ್ಲ, ಕೆಲವರನ್ನು ಅಡಗಿಸಿತು. ಬೇಕಾದದ್ದು ಲೆಕ್ಕ ಕೇಳುವ ವ್ಯವಸ್ಥೆ, ಅದು ಎಲ್ಲರಿಗೂ ಒಂದೇ ಇರಲಿ.

2021ರಲ್ಲಿ ಇಂಗ್ಲೆಂಡಿನ ಆಂಗ್ಲಿಕನ್ ಸಭೆಯಲ್ಲಿ ಹತ್ತು ವರ್ಷದೊಳಗೆ 10,000 ಹೊಸ ಸಭೆಗಳು, ಹೆಚ್ಚಿನವು ಸಾಮಾನ್ಯ ವಿಶ್ವಾಸಿಗಳ ಮುಂದಾಳತ್ವದಲ್ಲಿ, ಎಂಬ ಯೋಜನೆ ಬಂತು. ದೀರ್ಘ ತರಬೇತಿ ಪಡೆದ ಪಾದ್ರಿಗಳೂ ಕಟ್ಟಡಗಳೂ ಬೆಳವಣಿಗೆಗೆ ಅಡ್ಡಿ ಎಂಬರ್ಥದ ಮಾತೂ ಜೊತೆಗೆ ಬಂದು ಪಾದ್ರಿಗಳು ಕೆರಳಿದರು. ಪ್ಯಾರಿಷ್ ಉಳಿಸಿ ಎಂಬ ಚಳವಳಿಯೇ ಹುಟ್ಟಿತು. ಮಾತು ಒರಟಾಯಿತು, ಒಪ್ಪೋಣ. ಆದರೆ ಲೆಕ್ಕ ತಪ್ಪಲ್ಲ. ಒಬ್ಬ ಪಾದ್ರಿಯನ್ನು ತಯಾರು ಮಾಡಲು ಕಾಲೇಜು, ಆಮೇಲೆ ಹಿರಿಯರ ಕೈಕೆಳಗಿನ ಸೇವೆ ಎಂದು ಐದಾರು ವರ್ಷ ಹಿಡಿಯುವ ಪದ್ಧತಿ, ಸಂಬಳ ಕೊಡಲಾರದ ಬಡ ಸಭೆಗಳನ್ನೇ ಮೊದಲು ಅನಾಥ ಮಾಡುತ್ತದೆ.

ತೀರ್ಪು

ಎರಡೂ ಕಡೆಯ ವಾದ ಕೇಳಿದ ಮೇಲೆ ಒಂದು ವಿಷಯ ಸ್ಪಷ್ಟ. ಸಭೆಯ ಮುಂದಾಳು ಆ ಜನರ ನಡುವೆ ಬಾಳಬೇಕು ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಪರ ವಾದಿಗಳು ಅದನ್ನು ಹೊರಗಿನಿಂದ ಕಳಿಸಿದ ಪದವೀಧರರಿಂದ ಬಯಸುತ್ತಾರೆ, ವಿರೋಧ ವಾದಿಗಳು ಊರಿನ ವಿಶ್ವಾಸಿಯಿಂದ. ಊರಿನ ವಿಶ್ವಾಸಿಗೇ ದೀಕ್ಷೆ ಕೊಟ್ಟುಬಿಟ್ಟರೆ?

ಚೀನಾದಲ್ಲಿ ಸೇವೆ ಮಾಡಿ ಬಂದಿದ್ದ ಆಂಗ್ಲಿಕನ್ ಪಾದ್ರಿ ರೋಲಂಡ್ ಅಲೆನ್ 1912ರಲ್ಲೇ ಇದನ್ನು ಹೇಳಿದರು. ಪೌಲನು ಒಂದು ಊರಲ್ಲಿ ಕೆಲಕಾಲವಷ್ಟೇ ಇದ್ದು, ಅಲ್ಲಿನವರಲ್ಲೇ ಹಿರಿಯರನ್ನು ನೇಮಿಸಿ ಮುಂದೆ ಹೋದ, ಮಿಶನ್‌ಗಳು ಮಾತ್ರ ಹೊರಗಿನ ಸಂಬಳದ ಪಾದ್ರಿಗೆ ಗಂಟುಬಿದ್ದವು ಎಂಬುದು ಅವರ ದೂರು. ಪರ ಪಕ್ಷ ಮೆಚ್ಚುವ ನ್ಯೂಬಿಗಿನ್ ಅವರೇ, ಮಧುರೆ ಸೀಮೆಯ ಹಳ್ಳಿ ಸಭೆಗಳನ್ನು ಕಣ್ಣಾರೆ ಕಂಡವರು, ಅಲೆನ್ ವಾದವನ್ನು ಗಂಭೀರವಾಗಿ ಎತ್ತಿಕೊಂಡರು. ವಿರೋಧ ಪಕ್ಷ ಮೆಚ್ಚುವ ಆಸ್ಬರಿಯೂ ಕೊನೆಗೆ ದೀಕ್ಷೆ ಪಡೆದರು: 1784ರ ಡಿಸೆಂಬರ್ 25ರಿಂದ 27ರವರೆಗೆ, ಮೂರು ದಿನದಲ್ಲಿ ಮೂರು ಪದವಿ. ಸುಮಾರು ಇಪ್ಪತ್ತು ವರ್ಷ ಮಾಡಿ ತೋರಿಸಿದ ಕೆಲಸಕ್ಕೆ ಸಭೆ ಮುದ್ರೆ ಒತ್ತಿತು, ಅಷ್ಟೆ.

ಹಾಗಾಗಿ ಪ್ರತಿ ಸಭೆಗೂ ದೀಕ್ಷಿತ ಪಾಲಕರು ಬೇಕು ಎಂಬುದು ಸರಿ. ಆ ಪಾಲಕರು ಸಂಬಳದವರೂ ಹೊರಗಿನವರೂ ಪದವೀಧರರೂ ಆಗಿರಲೇಬೇಕು ಎಂಬುದು ಸರಿಯಲ್ಲ. ಊರು ಒಪ್ಪಿದ ಗಂಡಸು ಅಥವಾ ಹೆಂಗಸನ್ನು ಆರಿಸಿ, ದುಡಿಮೆ ಬಿಡಿಸದೆ ಕೆಲವು ವರ್ಷ ಓದಿಸಿ, ಮಕ್ಕಳ ಸುರಕ್ಷತೆಯ ನಿಯಮಕ್ಕೂ ಹಣದ ಲೆಕ್ಕಕ್ಕೂ ಒಳಪಡಿಸಿ, ಆ ಊರಿನ ಮಟ್ಟಿಗೆ ದೀಕ್ಷೆ ಕೊಡಲಿ. ಕಾಲೇಜಿನಲ್ಲಿ ಓದಿದ ಸಭಾಪಾಲಕರು ಇಂಥ ಹತ್ತು ಜನರಿಗೆ ಗುರುವಾಗಿ, ಅವರ ತಪ್ಪು ತಿದ್ದುವ ಮೇಲ್ವಿಚಾರಕರಾಗಿ ನಿಲ್ಲಲಿ. ಕಟ್ಟಳೆ ಬದಲಿಸಬೇಕಾದದ್ದು ಸಿಎಸ್‌ಐ ಸಿನೊಡ್. ಹೆಸರು ಸೂಚಿಸಬೇಕಾದವರು ನಾವು. ಮುಂದಿನ ಸಭಾ ಸಮಿತಿಯಲ್ಲಿ ಕಾಂಪೌಂಡಿನ ಗೋಡೆ, ಧ್ವನಿವರ್ಧಕದ ರಿಪೇರಿ ಮುಗಿದ ಮೇಲಾದರೂ, ನಿಮ್ಮ ಊರಿನ ಅಂಥ ಒಬ್ಬರ ಹೆಸರನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ.