ಯಾರೂ ಲೆಕ್ಕಕ್ಕೆ ಹಿಡಿಯದ ತಂತಿ

ಕಳೆದ ವಾರ ನವಲಗುಂದ ತಾಲೂಕಿನ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಫೋನ್ ಮಾಡಿದ್ದ. “ಸರ್, ಕರೆಂಟ್ ಜಾಸ್ತಿ ಬಿಟ್ಟಾರ್ರೀ, ಟೀವಿ, ಫ್ರಿಜ್ ಎಲ್ಲಾ ಸುಟ್ಟು ಹೋದ್ವು” ಎಂದ. ಎದುರು ಮನೆಯಲ್ಲಿ ಹೇಗಿತ್ತೆಂದು ಕೇಳಿದೆ. ಅಲ್ಲಿ ದೀಪ ಮಿಣಿಮಿಣಿ ಎನ್ನುತ್ತಿತ್ತಂತೆ. ಯಾರೂ ಕರೆಂಟ್ ಜಾಸ್ತಿ ಬಿಟ್ಟಿರಲಿಲ್ಲ. ನ್ಯೂಟ್ರಲ್ ತಂತಿ ಕಡಿದಿತ್ತು.

ಟಿ.ಸಿ.ಯಿಂದ ಮೂರು ಫೇಜ್ ತಂತಿಗಳೂ ಒಂದು ನ್ಯೂಟ್ರಲ್ ತಂತಿಯೂ ಹೊರಡುತ್ತವೆ. ಫೇಜ್ ಮತ್ತು ನ್ಯೂಟ್ರಲ್ ನಡುವೆ 230 ವೋಲ್ಟ್, ಎರಡು ಫೇಜ್‌ಗಳ ನಡುವೆ ಸುಮಾರು 400 ವೋಲ್ಟ್. ನ್ಯೂಟ್ರಲ್ ಕಡಿದರೆ ಎರಡು ಫೇಜ್‌ಗಳ ಮನೆಗಳು ಒಂದರ ಹಿಂದೊಂದು ಜೋಡಿಸಿದಂತಾಗಿ ಆ 400 ವೋಲ್ಟನ್ನು ಹಂಚಿಕೊಳ್ಳುತ್ತವೆ. ಒಂದು ಮನೆಯಲ್ಲಿ 1000 ವ್ಯಾಟಿನ ಇಸ್ತ್ರಿಪೆಟ್ಟಿಗೆ, ಇನ್ನೊಂದರಲ್ಲಿ 100 ವ್ಯಾಟಿನ ಬಲ್ಬು ಮಾತ್ರ ಇದೆಯೆನ್ನಿ. ಬಲ್ಬಿನ ಪಾಲಿಗೆ ಸುಮಾರು 360 ವೋಲ್ಟ್ ಬರುತ್ತದೆ. ಕಡಿಮೆ ಬಳಸುವ ಮನೆಗೇ ಹೆಚ್ಚು ಪೆಟ್ಟು. ಫ್ಯೂಸನ್ನು ನಂಬಿ ಕೂಡುವಂತಿಲ್ಲ. ಅದು ಹೆಚ್ಚು ಕರೆಂಟಿಗೆ ಕರಗುತ್ತದೆಯೇ ಹೊರತು ಹೆಚ್ಚು ವೋಲ್ಟೇಜಿಗಲ್ಲ.

ಸುಟ್ಟ ಟೀವಿಯನ್ನು ಮತ್ತೆ ಕೊಳ್ಳಬಹುದು. ನನ್ನ ಭಯ ಬೇರೆಯೇ ಇದೆ. ನ್ಯೂಟ್ರಲ್ ಹೋದಾಗ ನಮ್ಮ ಜನ ನೆಲದಲ್ಲಿ ಕಬ್ಬಿಣದ ಗೂಟ ಹುಗಿದು, ತಂತಿ ಕಟ್ಟಿ, ಅದನ್ನೇ ನ್ಯೂಟ್ರಲ್ ಮಾಡಿಕೊಳ್ಳುತ್ತಾರೆ. ದೀಪವೇನೋ ಹತ್ತುತ್ತದೆ. ಆದರೆ ನಮ್ಮ ಎರೆಭೂಮಿ ಬೇಸಿಗೆಯಲ್ಲಿ ಬಿರುಕು ಬಿಟ್ಟು ಗೂಟದಿಂದ ಸರಿದು ನಿಲ್ಲುತ್ತದೆ. ಕರೆಂಟು ನೆಲಕ್ಕೆ ಸರಾಗವಾಗಿ ಇಳಿಯಲಾರದೆ ಗೂಟವೂ ಅದರ ಸುತ್ತಲಿನ ನೆಲವೂ ಅಪಾಯದ ತಾಣವಾಗುತ್ತವೆ.

1998ರ ಬೇಸಿಗೆಯಲ್ಲಿ ನಾನಿದ್ದ ಹಳ್ಳಿಯಲ್ಲಿ ಅಡ್ಡಮಳೆಯ ಗಾಳಿಗೆ ನ್ಯೂಟ್ರಲ್ ಕಡಿಯಿತು. ನೆರೆಮನೆಯವರು ಇದೇ ಉಪಾಯ ಮಾಡಿದರು. ಮರುದಿನ ಅವರ ಎಮ್ಮೆ ಆ ಗೂಟದ ಬಳಿ ಸತ್ತು ಬಿತ್ತು. ಹಿಂದಿನ ಸಂಜೆ ನಮ್ಮ ಶಾಲೆಯ ಮಕ್ಕಳು ಅಲ್ಲಿಯೇ ಗೋಲಿ ಆಡಿದ್ದರು. ಆ ಗೂಟವನ್ನು ನಾನು ನೋಡಿದ್ದೆ. ತರಗತಿಯಲ್ಲಿ ವಿದ್ಯುತ್ತಿನ ಪಾಠ ಹೇಳುತ್ತಿದ್ದವನು ನೆರೆಯವರಿಗೆ ಬುದ್ಧಿ ಹೇಳಲು ಸಂಕೋಚಪಟ್ಟು ಸುಮ್ಮನಿದ್ದೆ. ಆ ಮೌನಕ್ಕೆ ಇಂದಿಗೂ ನನ್ನಲ್ಲಿ ಸಮಾಧಾನವಿಲ್ಲ.

ಆದುದರಿಂದ ಈಗ ಸಂಕೋಚವಿಲ್ಲದೆ ಹೇಳುತ್ತೇನೆ. ದೀಪ ಒಮ್ಮೆಲೇ ಅತಿ ಪ್ರಖರವಾದರೆ ಅಥವಾ ಮಂಕಾದರೆ ಕೂಡಲೇ ಮೇನ್ ಸ್ವಿಚ್ ಆರಿಸಿ, 1912ಕ್ಕೆ ತಿಳಿಸಿ. ನ್ಯೂಟ್ರಲ್ ತಂತಿಗೆ ಪ್ರತ್ಯೇಕ ಫ್ಯೂಸ್ ಹಾಕಿಸಬೇಡಿ. ನೀವಾಗಿ ಕಂಬ ಹತ್ತಬೇಡಿ. ಮನೆಯ ಅರ್ಥಿಂಗ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕಿ. ಆದರೆ ಅದನ್ನು ನ್ಯೂಟ್ರಲ್ ಆಗಿ ಎಂದೂ ಬಳಸಬೇಡಿ. ಮುಂಗಾರಿಗೆ ಮೊದಲು ಊರಿನ ಪ್ರತಿ ಟಿ.ಸಿ.ಯ ಅರ್ಥಿಂಗ್ ಮತ್ತು ನ್ಯೂಟ್ರಲ್ ಜೋಡಣೆಯನ್ನು ಪರೀಕ್ಷಿಸುವುದು ವಿದ್ಯುತ್ ಪೂರೈಸುವವರ ಕರ್ತವ್ಯ. ಅದನ್ನು ಗ್ರಾಮಸಭೆಯಲ್ಲಿ ಎದ್ದು ಕೇಳುವುದು ನಮ್ಮ ಕರ್ತವ್ಯ.

ಊರಲ್ಲಿರುವ ನನ್ನ ವಿದ್ಯಾರ್ಥಿಗಳೇ, ಇಂದು ನಿಮ್ಮ ಓಣಿಯಲ್ಲಿ ಒಂದು ಸುತ್ತು ಹೋಗಿ ಬನ್ನಿ. ಅಂಥ ಗೂಟ ಕಂಡರೆ ಮುಟ್ಟಬೇಡಿ. ಮನೆಯವರನ್ನು ಕರೆದು ಹೇಳಿ. ನಾನು ಅಂದು ಹೇಳಲಿಲ್ಲ.