ಎರಡನೆಯ ಕಾರು: ಮೊದಲು ಲೆಕ್ಕ, ಆಮೇಲೆ ಬಣ್ಣ

ಕಳೆದ ವಾರ ಯುವ ದಂಪತಿಗಳಿಬ್ಬರು ನಮ್ಮ ಕಚೇರಿಗೆ ಬಂದಿದ್ದರು. ಯುವಕನ ತಂದೆ ಮೂವತ್ತು ವರ್ಷ ಹತ್ತಿಯ ಗಿರಣಿಯಲ್ಲಿ ದುಡಿದು ನಿವೃತ್ತರಾದವರು. ಈ ಪತ್ರಿಕೆಯ ಹಳೆಯ ಓದುಗರು. ಮಗ ಪೇಟೆಯಲ್ಲಿ ಸಣ್ಣ ಜವಳಿ ಅಂಗಡಿ ಇಟ್ಟಿದ್ದಾರೆ. ಸೊಸೆ ಮೂವತ್ತು ಕಿಲೋಮೀಟರು ದೂರದ ತಾಲ್ಲೂಕು ಊರಿನ ಪ್ರೌಢಶಾಲೆಯೊಂದರಲ್ಲಿ ಉಪಾಧ್ಯಾಯಿನಿ. ಮನೆಯಲ್ಲಿ ಒಂದು ಹಳೆಯ ಸಣ್ಣ ಕಾರಿದೆ. ಅದು ಬೆಳಗಿನಿಂದ ರಾತ್ರಿಯವರೆಗೆ ಜವಳಿಯ ಗಂಟುಗಳನ್ನು ಹೊರುತ್ತದೆ. ಈಗ ಎರಡನೆಯ ಕಾರು, ಅದೂ ಹೊಸ ಸೆಡಾನ್, ಕೊಳ್ಳಬೇಕೆಂದು ದಂಪತಿಗಳ ಅಪೇಕ್ಷೆ. ಸಾಲ ಕೂಡದೆಂದು ತಂದೆಯ ಹಠ. ಷೋರೂಮಿನವರು ಕೊಟ್ಟ ಬಣ್ಣದ ಹಾಳೆಗಳನ್ನು ನಮ್ಮ ಮೇಜಿನ ಮೇಲೆ ಹರವಿ, "ನೀವೇ ಹೇಳಿ ಸಾರ್, ನಾವು ಕೇಳುತ್ತಿರುವುದು ತಪ್ಪೇ?" ಎಂದರು ಆ ತಾಯಿ.

ಇದು ಒಂದು ಮನೆಯ ಪ್ರಶ್ನೆಯಲ್ಲ. ಗಂಡ ಹೆಂಡತಿ ಇಬ್ಬರೂ ದುಡಿಯುವ, ಇಬ್ಬರ ದುಡಿಮೆಯ ಸ್ಥಳಗಳೂ ಬೇರೆ ಬೇರೆಯಾದ ಅನೇಕ ಮನೆಗಳಲ್ಲಿ ಈ ಜಗಳ ಇಂದು ನಡೆಯುತ್ತಿದೆ. ಆದುದರಿಂದ ಅವರಿಗೆ ಹೇಳಿದ ಮಾತನ್ನೇ ಇಲ್ಲಿ ಎಲ್ಲರ ಮುಂದೆ ಇಡುತ್ತಿದ್ದೇವೆ. ದುಡಿಯುವವನು ಕಾರನ್ನು ಆಸೆಪಡುವುದೇ ಅಪರಾಧವೆಂದು ಉಪದೇಶಿಸುವ ಗುಂಪಿಗೆ ನಾವು ಸೇರಿದವರಲ್ಲ. ಅಂಬಾಸಡರ್, ಫಿಯಟ್ ಎಂಬ ಎರಡು ಮೂರು ಬಂಡಿಗಳೇ ಇದ್ದ ಕಾಲದಲ್ಲಿ ಹಣ ಕಟ್ಟಿಯೂ ವರ್ಷಗಟ್ಟಲೆ ಸರದಿ ಕಾಯಬೇಕಾಗಿತ್ತು. ಕಾರು ಅಧಿಕಾರಿಗೂ ಧಣಿಗೂ ಮೀಸಲಾಗಿತ್ತು. 1983ರ ಡಿಸೆಂಬರಿನಲ್ಲಿ ಮಾರುತಿ 800 ರಸ್ತೆಗೆ ಇಳಿದ ಮೇಲೆ, 1993ರಲ್ಲಿ ಕಾರು ತಯಾರಿಕೆಗೆ ಲೈಸೆನ್ಸಿನ ಕಟ್ಟು ತೆಗೆದ ಮೇಲೆ, ಆ ಸ್ಥಿತಿ ಹೋಯಿತು. ಹೋದದ್ದು ಒಳ್ಳೆಯದೇ. ಆದರೆ ಅಂದು ಕಾರು ಸಿಗದೆ ಕಷ್ಟವಾಗಿತ್ತು. ಇಂದು ಕಾರು ಸುಲಭವಾಗಿ ಸಿಗುವುದೇ ಕಷ್ಟವಾಗಿದೆ. ಅರ್ಧ ಗಂಟೆಯಲ್ಲಿ ಸಾಲ ಮಂಜೂರು. ಏಳು ವರ್ಷ ಕಂತು.

ಮೊದಲನೆಯ ಪ್ರಶ್ನೆ: ಬೇಕೇ? ಆ ಉಪಾಧ್ಯಾಯಿನಿ ದಿನವೂ ಹೋಗುವ ಸರ್ಕಾರಿ ಬಸ್ಸಿನಲ್ಲಿ 2023ರ ಜೂನ್ 11ರಿಂದ ಹೆಂಗಸರಿಗೆ ಟಿಕೆಟ್ಟಿನ ಹಣವಿಲ್ಲ. ಹಾಗಾಗಿ ಕಾರಿನ ಖರ್ಚನ್ನು ಬಸ್ ಛಾರ್ಜಿನಲ್ಲಿ ವಜಾ ಮಾಡಿ ಸಮಾಧಾನಪಡುವ ಹಾಗಿಲ್ಲ; ಪ್ರತಿಯೊಂದು ರೂಪಾಯಿಯೂ ಹೊಸ ಖರ್ಚೇ. ಆದರೆ ಸಂಜೆ ಶಾಲೆ ಬಿಟ್ಟ ಮೇಲೆ ನೇರವಾದ ಬಸ್ಸು ಒಂದೇ. ಅದು ತಪ್ಪಿದರೆ ಕತ್ತಲಲ್ಲಿ ಕ್ರಾಸಿನಲ್ಲಿ ನಿಲ್ಲಬೇಕು. ಮನೆಯಲ್ಲಿ ಮೂರು ವರ್ಷದ ಮಗು ಬಾಗಿಲು ನೋಡುತ್ತಾ ಕೂತಿರುತ್ತದೆ. ದಿನಕ್ಕೆ ಎರಡು ಗಂಟೆ ಉಳಿಯುವುದಾದರೆ, ಆ ಎರಡು ಗಂಟೆಗೆ ಬೆಲೆಯಿಲ್ಲವೆಂದು ಹೇಳಲು ನಮಗೆ ಬಾಯಿ ಬರುವುದಿಲ್ಲ. ಕಾರು ಬೇಕೆಂಬುದಕ್ಕೆ ಈ ಕಾರಣ ಸಾಕು. "ಪಕ್ಕದ ಮನೆಯವರು ತಂದರು" ಎಂಬುದು ಕಾರಣವಲ್ಲ.

ಎರಡನೆಯದು: ಎಂಥ ಕಾರು? ಈಗ ಊರೆಲ್ಲ ಎತ್ತರದ, ದಪ್ಪ ಮೂತಿಯ ಎಸ್‌ಯುವಿಗಳ ಹಿಂದೆ ಓಡುತ್ತಿದೆ. ಸೆಡಾನ್ ಎಂಬುದು ಹಿಂದೆ ಪ್ರತ್ಯೇಕ ಡಿಕ್ಕಿಯುಳ್ಳ ತಗ್ಗಿನ ಕಾರು. ತಗ್ಗಾಗಿರುವುದರಿಂದ ಹೆದ್ದಾರಿಯಲ್ಲಿ ನೆಲ ಕಚ್ಚಿ ಓಡುತ್ತದೆ; ಗಾಳಿಯ ತಡೆ ಕಡಿಮೆಯಾದ್ದರಿಂದ ಎಣ್ಣೆ ಕಡಿಮೆ ಕುಡಿಯುತ್ತದೆ; ಸಾಮಾನು ಬೇರೆ, ಜನ ಬೇರೆ. ಅದರ ದೋಷವನ್ನೂ ಹೇಳಬೇಕು. ನಮ್ಮ ಹಳ್ಳಿ ರಸ್ತೆಗಳಲ್ಲಿ ಯಾರು ಬೇಕಾದರೂ ಹಾಕುವ ಹಂಪುಗಳಿಗೆ ಅದರ ಹೊಟ್ಟೆ ತಾಗಬಹುದು. ಮೊಣಕಾಲು ನೋವಿನ ಹಿರಿಯರಿಗೆ ಹತ್ತಿ ಇಳಿಯುವುದು ಕಷ್ಟ. ಮುಂಗಡ ಕೊಡುವ ಮುನ್ನ ಮನೆಯ ಅಜ್ಜಿಯನ್ನು ಕರೆದುಕೊಂಡು ಹೋಗಿ ಕೂರಿಸಿ ನೋಡಿರಿ. ಯಾವ ಹಾಳೆಯೂ ಹೇಳದ ಸಂಗತಿಯನ್ನು ಆಕೆಯ ಮೊಣಕಾಲು ಹೇಳುತ್ತದೆ.

ಇನ್ನು ತೆರಿಗೆಯ ವಿಚಾರ. ಇದು ಗೊತ್ತಿಲ್ಲದೆ ಕಾರು ಕೊಂಡವನು ಕಣ್ಣು ಕಟ್ಟಿಕೊಂಡು ಸಂತೆ ಮಾಡಿದಂತೆ. 2006ರ ಬಜೆಟ್ಟಿನಲ್ಲಿ ಕೇಂದ್ರ ಸರ್ಕಾರ ನಾಲ್ಕು ಮೀಟರಿಗೆ ಮೀರದ, ಸಣ್ಣ ಇಂಜಿನ್ನಿನ ಕಾರುಗಳಿಗೆ ಅಬಕಾರಿ ಸುಂಕ ಇಳಿಸಿತು. ಅಂದಿನಿಂದ ಸೆಡಾನ್‌ಗಳಲ್ಲಿ ಎರಡು ಜಾತಿಯಾದವು. ಮಾರುತಿ ಡಿಸೈರ್ 2008ರಲ್ಲಿ ಬಂದಾಗ ನಾಲ್ಕು ಮೀಟರು ದಾಟಿತ್ತು. 2012ರಲ್ಲಿ ಅದರ ಬಾಲ ಕತ್ತರಿಸಿ 3,995 ಮಿಲಿಮೀಟರಿಗೆ ಇಳಿಸಿದರು. ತೆರಿಗೆಯ ಕಾನೂನು ಕಾರಿನ ಆಕಾರವನ್ನೇ ಬದಲಿಸಿತು. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿ.ಎಸ್.ಟಿ. ದರದಲ್ಲಿ ನಾಲ್ಕು ಮೀಟರಿನೊಳಗಿನ, 1,200 ಸಿ.ಸಿ. ಮೀರದ ಪೆಟ್ರೋಲ್ ಕಾರಿಗೆ ಶೇಕಡ 18. ಅದನ್ನು ಮೀರಿದ್ದಕ್ಕೆ ಶೇಕಡ 40. ಡಿಸೈರ್, ಅಮೇಜ್, ಔರಾ, ಟಿಗೋರ್ ಮೊದಲ ಸಾಲಿನವು. ಸಿಟಿ, ವರ್ನಾ, ವರ್ಟಸ್, ಸ್ಲಾವಿಯಾ ಎರಡನೆಯ ಸಾಲಿನವು.

ಎರಡು ಕಾರುಗಳ ಮೂಲ ಬೆಲೆ ಒಂದೇ, ಎಂಟು ಲಕ್ಷ ಎಂದು ಹಿಡಿಯಿರಿ. ಸಣ್ಣದಕ್ಕೆ ಜಿ.ಎಸ್.ಟಿ. ಸೇರಿ 9 ಲಕ್ಷ 44 ಸಾವಿರ. ದೊಡ್ಡದಕ್ಕೆ 11 ಲಕ್ಷ 20 ಸಾವಿರ. ಇಷ್ಟಕ್ಕೇ ಮುಗಿಯಲಿಲ್ಲ. ಕರ್ನಾಟಕದ ಜೀವಾವಧಿ ತೆರಿಗೆ ಐದರಿಂದ ಹತ್ತು ಲಕ್ಷದೊಳಗಿನ ಕಾರಿಗೆ ಶೇಕಡ 14, ಹತ್ತು ದಾಟಿ ಇಪ್ಪತ್ತರೊಳಗೆ ಶೇಕಡ 17; ಅದರ ಮೇಲೆ ಸೆಸ್ಸು ಬೇರೆ. ಸೆಸ್ಸು ಬಿಟ್ಟರೂ ಒಂದಕ್ಕೆ 1 ಲಕ್ಷ 32 ಸಾವಿರ, ಇನ್ನೊಂದಕ್ಕೆ 1 ಲಕ್ಷ 90 ಸಾವಿರ. ಎರಡೂ ಕೂಡಿ ಸುಮಾರು 2 ಲಕ್ಷ 34 ಸಾವಿರ ರೂಪಾಯಿಯ ಅಂತರ ಬರೀ ತೆರಿಗೆಯಲ್ಲೇ! ಹತ್ತು ಲಕ್ಷ ಮೀರಿದ ಕಾರಿನ ಮೇಲೆ ಶೇಕಡ ಒಂದರಂತೆ ಮುಂಗಡವಾಗಿ ಹಿಡಿಯುವ ಟಿ.ಸಿ.ಎಸ್. ಹಣವನ್ನು ಮಾತ್ರ ಆದಾಯ ತೆರಿಗೆಯ ಲೆಕ್ಕದಲ್ಲಿ ವಾಪಸು ಪಡೆಯಬಹುದು; ಅದನ್ನು ಮರೆಯಬೇಡಿರಿ.

ಇಲ್ಲಿ ಸಣ್ಣ ವ್ಯಾಪಾರಿಗಳಿಗೆ ಒಂದು ಎಚ್ಚರಿಕೆ. "ಕಾರನ್ನು ಅಂಗಡಿಯ ಹೆಸರಿಗೆ ಬರೆಸಿ, ಜಿ.ಎಸ್.ಟಿ. ಪೂರ್ತಿ ವಾಪಸು ಬರುತ್ತದೆ" ಎಂದು ಹೇಳಿ ಕಾರು ಮಾರುವವರಿದ್ದಾರೆ. ನಮ್ಮ ಈ ಯುವಕನಿಗೂ ಯಾರೋ ಹಾಗೆ ಹೇಳಿದ್ದರು. ಇದು ಸುಳ್ಳು. ಚಾಲಕನೂ ಸೇರಿ ಹದಿಮೂರು ಜನಕ್ಕೆ ಮೀರದ ಪ್ರಯಾಣಿಕ ವಾಹನಕ್ಕೆ ಕಟ್ಟಿದ ತೆರಿಗೆಯನ್ನು ವಾಪಸು ಪಡೆಯಲು ಜಿ.ಎಸ್.ಟಿ. ಕಾಯಿದೆಯ 17(5)ನೆಯ ಕಲಮು ಅಡ್ಡ ಬರುತ್ತದೆ. ಕಾರನ್ನೇ ಮಾರುವವರು, ಟ್ಯಾಕ್ಸಿ ಓಡಿಸುವವರು, ಡ್ರೈವಿಂಗ್ ಕಲಿಸುವವರು, ಇವರಿಗೆ ಮಾತ್ರ ವಿನಾಯಿತಿ. ಜವಳಿ ಅಂಗಡಿಗೆ ಇಲ್ಲ. ಈ ಮಾತನ್ನು ನಂಬಿ ಎರಡು ಲಕ್ಷದ ಲೆಕ್ಕ ಹಾಕಿಕೊಂಡವನು ಮುಂದೆ ನೋಟೀಸು ಹಿಡಿದು ಅಲೆಯಬೇಕಾದೀತು.

ಮೂರನೆಯದು ಸಾಲ. ಎಂಟು ಲಕ್ಷ ರೂಪಾಯಿ, ಶೇಕಡ 9ರ ಬಡ್ಡಿ. ಏಳು ವರ್ಷಕ್ಕಾದರೆ ತಿಂಗಳ ಕಂತು ಸುಮಾರು 12,870. ಐದು ವರ್ಷಕ್ಕಾದರೆ ಸುಮಾರು 16,600. ಮಾರುವವನು ಮೊದಲನೆಯದನ್ನೇ ದೊಡ್ಡ ಅಕ್ಷರದಲ್ಲಿ ಬರೆದು ತೋರಿಸುತ್ತಾನೆ. ಆದರೆ ಏಳು ವರ್ಷಕ್ಕೆ ತೆರುವ ಬಡ್ಡಿ 2 ಲಕ್ಷ 81 ಸಾವಿರ. ಐದು ವರ್ಷಕ್ಕೆ 1 ಲಕ್ಷ 96 ಸಾವಿರ. ಕಂತು ಹಗುರವೆಂದು ಹಿಗ್ಗಿದವನು 85 ಸಾವಿರ ಹೆಚ್ಚು ತೆತ್ತ! ಅತ್ತ ವಿಮೆಯವರ ಸವಕಳಿ ಕೋಷ್ಟಕದಂತೆ ಕಾರಿಗೆ ನಾಲ್ಕು ವರ್ಷ ತುಂಬಿ ಐದಕ್ಕೆ ಬಿದ್ದಾಗ ಅದರ ಬೆಲೆ ಅರ್ಧ. ಅರ್ಧ ಬೆಲೆಯ ಕಾರಿಗೆ ಇನ್ನೂ ಮೂರು ವರ್ಷ ಕಂತು ಕಟ್ಟುವುದು ಯಾವ ಬುದ್ಧಿ? ಐದು ವರ್ಷದ ಕಂತನ್ನು ಹೊರಲಾರದ ಮನೆ ಆ ಕಾರನ್ನೇ ಹೊರಲಾರದು. ಇದು ನಮ್ಮ ಖಚಿತ ಅಭಿಪ್ರಾಯ.

ಓಡಿಸುವ ಖರ್ಚನ್ನೂ ಸೇರಿಸಿರಿ. ದಿನಕ್ಕೆ ಅರವತ್ತು ಕಿಲೋಮೀಟರು, ತಿಂಗಳಿಗೆ ಇಪ್ಪತ್ತೈದು ದಿನ, ಅಂದರೆ 1,500 ಕಿಲೋಮೀಟರು. ಡಿಸೈರಿಗೆ ಕಂಪನಿಯವರು ಲೀಟರಿಗೆ 24.79 ಕಿಲೋಮೀಟರೆಂದು ಹೇಳುತ್ತಾರೆ. ಅದು ಪರೀಕ್ಷಾ ಶಾಲೆಯ ಲೆಕ್ಕ. ನಮ್ಮ ರಸ್ತೆಗೆ ಇಪ್ಪತ್ತು ಎಂದು ಹಿಡಿದರೆ 75 ಲೀಟರು. ಲೀಟರಿಗೆ ದುಂಡಾಗಿ ನೂರು ರೂಪಾಯಿಯಾದರೂ 7,500. ಟೈರು, ಸರ್ವೀಸು, ವಿಮೆಗೆ ತಿಂಗಳಿಗೆ ಎರಡು ಸಾವಿರ ತೆಗೆದಿಡಬೇಕು. ಒಟ್ಟು ಇಪ್ಪತ್ತಾರು ಸಾವಿರ. ಈ ಅಂಕಿಯನ್ನು ನಾವು ಕಾಗದದ ಮೇಲೆ ಬರೆದಾಗ ದಂಪತಿಗಳಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರು ಅಷ್ಟು ಹೊತ್ತು 12,870ರ ಲೆಕ್ಕದಲ್ಲೇ ಇದ್ದರು. ಖರ್ಚು ಉಳಿಸಲು ಸಿ.ಎನ್.ಜಿ. ತೆಗೆದುಕೊಳ್ಳಬಹುದು. ಆದರೆ ಸಾಮಾನ್ಯವಾಗಿ ಅದರ ಸಿಲಿಂಡರು ಡಿಕ್ಕಿಯ ಬಹುಪಾಲನ್ನು ನುಂಗುತ್ತದೆ. ಡಿಕ್ಕಿಗಾಗಿ ಸೆಡಾನ್ ಕೊಂಡು ಡಿಕ್ಕಿಯನ್ನೇ ಕಳೆದುಕೊಂಡಂತಾಗಬಾರದು.

ನಾಲ್ಕನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಪ್ರಾಣ. ಮಗುವನ್ನು ಕೂರಿಸಿಕೊಂಡು ಲಾರಿಗಳ ನಡುವೆ ಓಡಬೇಕಾದ ಕಾರಿದು. ಗಂಟೆಗೆ 64 ಕಿಲೋಮೀಟರು ವೇಗದಲ್ಲಿ ಕಾರನ್ನು ಅಡ್ಡಗಟ್ಟೆಗೆ ಗುದ್ದಿಸಿ ಒಳಗಿನವರಿಗೆ ಏನಾಗುವುದೆಂದು ಅಳೆದು ನಕ್ಷತ್ರ ಕೊಡುವ ಪರೀಕ್ಷೆಯಿದೆ. 2023ರ ಅಕ್ಟೋಬರಿನಿಂದ ನಮ್ಮ ದೇಶದ್ದೇ ಆದ ಭಾರತ್ ಎನ್‌ಕ್ಯಾಪ್ ಪರೀಕ್ಷೆಯೂ ಬಂದಿದೆ. ಆದರೆ ಅದು ಕಡ್ಡಾಯವಲ್ಲ, ಕಂಪನಿಯ ಇಷ್ಟಕ್ಕೆ ಬಿಟ್ಟದ್ದು. ಇದನ್ನು ಕಡ್ಡಾಯ ಮಾಡಬೇಕೆಂಬುದು ನಮ್ಮ ಒತ್ತಾಯ. ಎರಡನೆಯ ಸಾಲಿನ ವರ್ನಾ, ವರ್ಟಸ್, ಸ್ಲಾವಿಯಾ 2023ರಲ್ಲಿ ಗ್ಲೋಬಲ್ ಎನ್‌ಕ್ಯಾಪ್‌ನ ಐದು ನಕ್ಷತ್ರ ಪಡೆದವು. ಹಿಂದೆಲ್ಲ ಐದು ನಕ್ಷತ್ರವೆಂದರೆ ಹಣವಂತರ ಮಾತಾಗಿತ್ತು. 2024ರ ನವೆಂಬರಿನಲ್ಲಿ ಹೊಸ ಡಿಸೈರೂ ಐದು ನಕ್ಷತ್ರ ಪಡೆಯಿತು. ಅದರ ಅತ್ಯಂತ ಕೆಳದರ್ಜೆಯ ಮಾದರಿಯಲ್ಲೂ ಆರು ಏರ್‌ಬ್ಯಾಗುಗಳಿವೆ. ಸಾಮಾನ್ಯನ ಪ್ರಾಣಕ್ಕೂ ಬೆಲೆ ಬಂತೆಂಬುದು ಸಂತೋಷದ ಸಂಗತಿ. ಹಾಗಿರುವಾಗ ಚಾವಣಿಯ ಗಾಜಿನ ಕಿಂಡಿಗೂ ದೊಡ್ಡ ಪರದೆಗೂ ಹೆಚ್ಚು ಹಣ ತೆತ್ತು ಮೇಲ್ದರ್ಜೆ ಕೊಳ್ಳುವ ಅಗತ್ಯವೇನು? ಆ ಹಣದಲ್ಲಿ ಮಗುವಿಗೆ ಒಳ್ಳೆಯ ಪ್ರತ್ಯೇಕ ಆಸನ ಕೊಳ್ಳಿರಿ. ಹಿಂದೆ ಕೂತವರೂ ಬೆಲ್ಟು ಕಟ್ಟಲಿ.

"ಡಿಸೈರ್ ತಂದರೆ ಟ್ಯಾಕ್ಸಿ ಎನ್ನುತ್ತಾರೆ ಸಾರ್" ಎಂದು ಯುವಕ ಸಂಕೋಚಪಟ್ಟರು. ನಾವು ಹೇಳಿದೆವು: ಹಳದಿ ಬೋರ್ಡಿನ ಚಾಲಕನಿಗೆ ಕಾರೇ ಅನ್ನ. ಕಾರು ಕೆಟ್ಟು ನಿಂತ ದಿನ ಅವನ ಮನೆಯಲ್ಲಿ ಒಲೆ ಉರಿಯುವುದಿಲ್ಲ. ಅಂಥವನು ಎಣಿಸಿ ಗುಣಿಸಿ ಆರಿಸಿದ ಬಂಡಿಗಿಂತ ದೊಡ್ಡ ಸಾಕ್ಷಿ ಯಾವುದು ಬೇಕು? ದುಡಿಯುವವನ ಬಂಡಿಯೆಂದು ನಾಚುವವನು ತನ್ನ ತಂದೆಯ ಗಿರಣಿಯ ಅಂಗಿಗೂ ನಾಚಬೇಕಾದೀತು. ಯುವಕ ತಲೆ ತಗ್ಗಿಸಿ ನಕ್ಕರು.

ನಮ್ಮ ತೀರ್ಮಾನ ಇಷ್ಟು. ಎರಡನೆಯ ಕಾರು ದುಡಿಮೆಗೆ ಬೇಕಾದರೆ ಕೊಳ್ಳಬಹುದು. ನಾಲ್ಕು ಮೀಟರಿನೊಳಗಿನ, ಪರೀಕ್ಷೆಯಲ್ಲಿ ಗೆದ್ದ, ಕೆಳದರ್ಜೆಯ ಇಲ್ಲವೆ ಅದರ ಮೇಲಿನ ಒಂದು ಮಾದರಿ ಸಾಕು. ಮೂರನೆಯ ಒಂದು ಪಾಲನ್ನಾದರೂ ಕೈಯಿಂದ ಕಟ್ಟಿ, ಉಳಿದುದಕ್ಕೆ ಐದು ವರ್ಷಕ್ಕೆ ಮೀರದ ಸಾಲ ಮಾಡಿರಿ. ಮೊದಲ ಆರು ತಿಂಗಳು ಕಾರು ಕೊಳ್ಳದೆ ಆ ಇಪ್ಪತ್ತಾರು ಸಾವಿರವನ್ನು ತಿಂಗಳು ತಿಂಗಳೂ ಬ್ಯಾಂಕಿನಲ್ಲಿ ಕಟ್ಟಿ ನೋಡಿರಿ. ಕಟ್ಟಲಾದರೆ ಒಂದೂವರೆ ಲಕ್ಷ ಕೈಗೆ ಬರುತ್ತದೆ, ಸಾಲ ಅಷ್ಟು ಇಳಿಯುತ್ತದೆ. ಕಟ್ಟಲಾಗದಿದ್ದರೆ ನಷ್ಟವೇನೂ ಇಲ್ಲ; ಮನೆ ಉಳಿಯಿತು. ಷೋರೂಮಿನವರೇ ಹೇಳಿದ ಕಂಪನಿಯ ವಿಮೆಯನ್ನೇ ಮಾಡಿಸಬೇಕೆಂಬ ಕಟ್ಟುಪಾಡಿಲ್ಲ; ನಾಲ್ಕು ಕಡೆ ದರ ಕೇಳಿರಿ. ಪ್ರತಿ ಬಾಬಿಗೂ ಬೇರೆ ಬೇರೆ ರಸೀತಿ ಪಡೆಯಿರಿ.

ಇನ್ನೊಂದು ಮಾತು ಉಳಿದಿದೆ. ಈ ಮನೆ ಕಾರು ಕೊಂಡೀತು. ಅದೇ ಶಾಲೆಯ ಅಡಿಗೆಯ ಹೆಂಗಸು, ಅದೇ ಕ್ರಾಸಿನಲ್ಲಿ ಕತ್ತಲಲ್ಲಿ ನಿಲ್ಲುವ ಕಾಲೇಜಿನ ಹುಡುಗಿಯರು ಕೊಳ್ಳಲಾರರು. ಟಿಕೆಟ್ಟು ಉಚಿತವಾದರೆ ಸಾಲದು, ಬಸ್ಸು ಬರಬೇಕು. ಸಂಜೆ ಇನ್ನೆರಡು ಬಸ್ಸು ಬೇಕೆಂಬ ಅರ್ಜಿಗೆ ಮೊದಲ ರುಜು ತಾವೇ ಹಾಕುವುದಾಗಿ ಆ ಉಪಾಧ್ಯಾಯಿನಿ ಹೇಳಿ ಹೋಗಿದ್ದಾರೆ. ಕಾರು ಬಂದ ಮೇಲೂ ಆ ರುಜು ಅಳಿಸದಿರಲಿ.