ವಾರ್ಡಿಗೆ ಹೊರಡುವ ಮೊದಲು

ಮಗಳು ಡಾಕ್ಟರಿಕೆ ಓದುತ್ತಿದ್ದಾಳೆಂದರೆ, ನರ್ಸಿಂಗ್ ಓದುತ್ತಿದ್ದಾಳೆಂದರೆ, ಬಳ್ಳಾರಿಯ ಯಾವ ಮನೆಯಲ್ಲಿಯೂ ಅದಕ್ಕೆ ವ್ಯಾಖ್ಯಾನ ಬೇಕಾಗುವುದಿಲ್ಲ. ಆಕ್ಯುಪೇಷನಲ್ ಥೆರಪಿ ಓದುತ್ತಿದ್ದಾಳೆಂದರೆ ಮಾತ್ರ ಬಂದ ನೆಂಟರು ಒಂದು ಗಳಿಗೆ ಸುಮ್ಮನಾಗಿ, “ಅಂದರೆ ಕೆಲಸ ಕೊಡಿಸುವ ಇಲಾಖೆಯೆ?” ಎಂದು ಕೇಳುವುದುಂಟು. ತಪ್ಪು ಅವರದಲ್ಲ. ಈ ವಿದ್ಯೆಯನ್ನು ಯಾರೋ ‘ಔದ್ಯೋಗಿಕ ಚಿಕಿತ್ಸೆ’ ಎಂದು ಕನ್ನಡಿಸಿದರು; ಉದ್ಯೋಗವೆಂದರೆ ಕನ್ನಡಿಗರ ಕಿವಿಗೆ ತಿಂಗಳ ಸಂಬಳದ ನೌಕರಿ. ಈ ಶಾಸ್ತ್ರದಲ್ಲಾದರೋ ಆ ಮಾತಿಗೆ ಅರ್ಥವೇ ಬೇರೆ. ಮುಖ ತೊಳೆಯುವುದು, ಜಡೆ ಹಾಕಿಕೊಳ್ಳುವುದು, ಪಂಚೆ ಉಡುವುದು, ರೊಟ್ಟಿ ತಟ್ಟುವುದು, ಅಂಗಡಿಯ ಲೆಕ್ಕ ಬರೆಯುವುದು, ಮಗು ಗೋಲಿ ಆಡುವುದು — ಮನುಷ್ಯನ ದಿನವನ್ನು ತುಂಬುವ ಸಕಲವೂ ಅದರೊಳಗೆ ಸೇರುತ್ತದೆ. ‘ಕಾಯಕ’ ಎಂಬ ಹಳೆಯ ಮಾತು ಅದಕ್ಕೆ ಎಷ್ಟೋ ಹತ್ತಿರವಾಗಿತ್ತು. ಭಾಷಾಂತರಕಾರರ ಕಣ್ಣಿಗೆ ಅದು ಬೀಳದೆ ಹೋದದ್ದು ದುರದೃಷ್ಟ.

ವಿದ್ಯೆ ಹೊಸದೇನೂ ಅಲ್ಲ. 1917ರಲ್ಲಿ ಅಮೆರಿಕೆಯಲ್ಲಿ ಇದರ ಮೊದಲ ಸಂಘವನ್ನು ಕಟ್ಟಿದವರಲ್ಲೊಬ್ಬನಾದ ಜಾರ್ಜ್ ಬಾರ್ಟನ್ ವೃತ್ತಿಯಿಂದ ವಾಸ್ತುಶಿಲ್ಪಿ; ಕ್ಷಯದಿಂದ ನರಳಿ, ಎಡಭಾಗ ಪಾರ್ಶ್ವವಾಯುವಿಗೆ ತುತ್ತಾಗಿ, ಕೈಗೆ ಕೆಲಸ ಕೊಟ್ಟುಕೊಂಡೇ ತನ್ನನ್ನು ತಾನು ಮೇಲೆತ್ತಿಕೊಂಡವನು. ಭಾರತಕ್ಕೆ ಇದನ್ನು ತಂದವರು ಅಮೆರಿಕೆಯಲ್ಲಿ ಹುಟ್ಟಿ ಮಹಾರಾಷ್ಟ್ರದ ಸೊಸೆಯಾದ ಕಮಲಾ ನಿಂಬ್ಕರ್. 1950ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಅವರು ತೆರೆದ ಶಾಲೆಯೇ ದೇಶದ ಮೊದಲನೆಯದು. 1952ರಲ್ಲಿ ಈ ವೃತ್ತಿಯ ಜಾಗತಿಕ ಒಕ್ಕೂಟ ಹುಟ್ಟಿದಾಗ ಅದನ್ನು ಸ್ಥಾಪಿಸಿದ ಹತ್ತು ರಾಷ್ಟ್ರಗಳಲ್ಲಿ ಭಾರತವೂ ಒಂದಾಗಿತ್ತು. ಆದರೂ ಕರ್ನಾಟಕದಲ್ಲಿ ಈ ಪದವಿಯನ್ನು ಕಲಿಸುವ ಸಂಸ್ಥೆಗಳು ಇಂದಿಗೂ ಕೆಲವೇ. ಮಣಿಪಾಲದ್ದು ಅವುಗಳಲ್ಲಿ ಹೆಸರಾದದ್ದು. ಬಳ್ಳಾರಿಯ ಹುಡುಗ ಹುಡುಗಿಯರು ಇದನ್ನು ಕಲಿಯಲು ಮನೆ ಬಿಟ್ಟು ದೂರ ಹೋಗಲೇಬೇಕು.

ಪುಸ್ತಕ, ಪರೀಕ್ಷೆ, ಅಸ್ಥಿಪಂಜರ ಇವುಗಳೊಡನೆ ಒಂದೆರಡು ವರ್ಷ ಕಳೆದ ಮೇಲೆ ಅವರಿಗೆ ಒಂದು ದಿನ ಬರುತ್ತದೆ: ಮೇಲ್ವಿಚಾರಕರ ಕಣ್ಣೆದುರು, ನಿಜವಾದ ರೋಗಿಯ ಮುಂದೆ ಮೊದಲ ಬಾರಿ ನಿಲ್ಲಬೇಕಾದ ದಿನ. ಜಾಗತಿಕ ಒಕ್ಕೂಟದ ನಿಯಮದಂತೆ ಪದವಿ ಮುಗಿಯುವ ವೇಳೆಗೆ ಇಂಥ ಅಭ್ಯಾಸ ಕನಿಷ್ಠ 1000 ಗಂಟೆಗಳಷ್ಟಾದರೂ ಆಗಿರಬೇಕು. ಆ ಸಾವಿರದಲ್ಲಿ ಅತ್ಯಂತ ಉದ್ದವಾದದ್ದು ಮೊದಲನೆಯ ಗಂಟೆಯೇ ಎಂದರೆ ಅತಿಶಯೋಕ್ತಿಯಾಗಲಾರದು. ತರಗತಿಯಲ್ಲಿ ಮೊದಲ ಸ್ಥಾನ ಪಡೆದವಳಿಗೂ ನಾಲಿಗೆ ಒಣಗುತ್ತದೆ. ತನಗೆ ಏನೂ ಬಾರದು, ಈ ಮುದುಕನಿಗೆ ತನ್ನಿಂದ ಏನೂ ಆಗದು, ಮನೆಯವರು ಸುಮ್ಮನೆ ಹಣ ಸುರಿದರು ಎಂದೆಲ್ಲ ರಾತ್ರಿ ಹಾಸ್ಟೆಲಿನಲ್ಲಿ ಅಳುವವರಿದ್ದಾರೆ.

ಅದಕ್ಕೆ ಮುಂಚೆ ಸಾಧಾರಣವಾಗಿ ಒಂದು ರಜೆ ಇರುತ್ತದೆ. ಮಕ್ಕಳು ಬಳ್ಳಾರಿಗೆ ಬರುತ್ತಾರೆ. ಕೆಲವರು ಸಿರುಗುಪ್ಪದ ಸೋದರಮಾವನ ಮನೆಗೆ, ಕುರುಗೋಡಿನ ಅಜ್ಜಿಯ ಮನೆಗೆ ಹೋಗಿ ಬರುತ್ತಾರೆ. ತಾಯ್ತಂದೆಯರು, ಪಾಪ, “ಓದಿಕೊಳ್ಳಲಿ” ಎಂದು ಅವರನ್ನು ಕೋಣೆಯೊಳಗೆ ಕೂಡಿಸುತ್ತಾರೆ. ಸಿದ್ಧತೆ ಕೋಣೆಯ ಹೊರಗಿದೆ ಎಂಬುದು ಅವರಿಗೆ ಹೊಳೆಯುವುದಿಲ್ಲ.

ಈ ಶಾಸ್ತ್ರದ ಮೂಲ ಕೌಶಲವೆಂದರೆ ಒಂದು ಕೆಲಸವನ್ನು ಬಿಡಿಬಿಡಿಯಾಗಿ ನೋಡುವುದು. ಪಠ್ಯಪುಸ್ತಕಗಳು ಬಹುಪಾಲು ಪರದೇಶದವು. ಅವುಗಳ ಅಡುಗೆಮನೆಯಲ್ಲಿ ನಿಂತು ಬೇಯಿಸುತ್ತಾರೆ, ಮೇಜಿನ ಮುಂದೆ ಕುಳಿತು ಫೋರ್ಕಿನಿಂದ ಉಣ್ಣುತ್ತಾರೆ, ಬೆಣ್ಣೆ ಸವರಿದ ಬ್ರೆಡ್ಡನ್ನು ಕತ್ತರಿಸುತ್ತಾರೆ. ಕುರುಗೋಡಿನ ಅಜ್ಜಿ ಜೋಳದ ರೊಟ್ಟಿ ಮಾಡುವುದನ್ನು ವಿದ್ಯಾರ್ಥಿ ಒಂದು ಬೆಳಿಗ್ಗೆ ಪಕ್ಕದಲ್ಲಿ ಕುಳಿತು ನೋಡಲಿ. ಮೊದಲು ಕುದಿನೀರನ್ನು ಹಿಟ್ಟಿಗೆ ಸುರಿಯಬೇಕು. ಪಾತ್ರೆಯ ಭಾರವನ್ನು ಮಣಿಕಟ್ಟು ತಾಳಬೇಕು. ಆ ಬಿಸಿಯನ್ನು ಬೆರಳು ಅರಿಯಬೇಕು. ಅರಿವಿಲ್ಲದ ಬೆರಳಾದರೆ ಬೊಬ್ಬೆಯೆದ್ದ ಮೇಲೆಯೇ ಗೊತ್ತಾಗುವುದು. ಸಕ್ಕರೆ ಕಾಯಿಲೆಯಲ್ಲಿಯೂ ಕುಷ್ಠದಲ್ಲಿಯೂ ನಡೆಯುವ ಅನಾಹುತ ಇದೇ. ಆಮೇಲೆ ಅಂಗೈಯ ಬುಡದಿಂದ ನಾದುವುದು: ಅದಕ್ಕೆ ಬೆರಳಿನ ಶಕ್ತಿಗಿಂತ ಭುಜದ ಮತ್ತು ಬೆನ್ನಿನ ಒತ್ತು ಬೇಕು. ತಟ್ಟುವಾಗ ಒಂದು ಕೈ ಬಡಿಯುತ್ತದೆ, ಇನ್ನೊಂದು ಅಂಚನ್ನು ಕಾಯುತ್ತ ರೊಟ್ಟಿಯನ್ನು ತಿರುಗಿಸುತ್ತದೆ. ಎರಡು ಕೈಗಳಿಗೆ ಎರಡು ಬೇರೆ ಕೆಲಸ, ಆದರೆ ತಾಳ ಒಂದೇ. ಹರಿಯದಂತೆ ಎತ್ತಿ ಹಂಚಿನ ಮೇಲೆ ಹಾಕುವಾಗ ಮುಂಗೈ ಮಗುಚಬೇಕು. ಒದ್ದೆ ಬಟ್ಟೆಯಿಂದ ನೀರು ಸವರುವುದಕ್ಕೆ ಹೊತ್ತು ತಿಳಿದಿರಬೇಕು. ಇಷ್ಟೆಲ್ಲ ನಡೆಯುವಾಗ ಅಜ್ಜಿ ಮೊಮ್ಮಗನನ್ನು ಗದರಿಸುತ್ತಲೂ ಇರುತ್ತಾಳೆ. ಗಮನವನ್ನು ಎರಡು ಕಡೆ ಹಂಚುವ ಮಿದುಳಿನ ಶಕ್ತಿ ಅದು. ಕುಳಿತಿರುವ ಭಂಗಿಯೋ ಮತ್ತೊಂದು ಪಾಠ: ಮೊಣಕಾಲು ಮಡಚಿ, ನೆಲಕ್ಕೆ ಹತ್ತಿರ, ಒಂದು ಗಂಟೆ ಕಾಲ.

ಇದನ್ನು ನೋಡಿ ಬರೆದುಕೊಂಡ ವಿದ್ಯಾರ್ಥಿನಿಗೆ, ಪಾರ್ಶ್ವವಾಯುವಾದ ಒಬ್ಬ ಗೃಹಿಣಿ ವಾರ್ಡಿನಲ್ಲಿ “ಇನ್ನು ನನ್ನ ಕೈಲಿ ರೊಟ್ಟಿ ಆಗುವುದಿಲ್ಲ” ಎಂದು ಕಣ್ಣೀರು ತಂದಾಗ, ‘ಯಾವ ಭಾಗ ಆಗುವುದಿಲ್ಲ?’ ಎಂಬ ಪ್ರಶ್ನೆ ಏಳುತ್ತದೆ. ನಾದುವುದು ಆಗಬಹುದು, ಎತ್ತುವುದು ಆಗದಿರಬಹುದು. ಎತ್ತುವ ಕೆಲಸ ಸೊಸೆಯದಾಗಲಿ, ನಾದುವುದು ಅತ್ತೆಯದೇ ಆಗಿರಲಿ. ಚಿಕಿತ್ಸೆ ಅಲ್ಲಿಂದ ಹೊರಡುತ್ತದೆ. ರಬ್ಬರ್ ಚೆಂಡನ್ನು ಕೈಗೆ ಕೊಟ್ಟು ‘ನೂರು ಬಾರಿ ಹಿಸುಕಿ’ ಎನ್ನುವುದಕ್ಕೂ ಇದಕ್ಕೂ ಇರುವ ಅಂತರವನ್ನು ಹೇಳಬೇಕಾಗಿಲ್ಲ.

ಆ ಚೆಂಡಿನ ವಿಷಯ ಬಂದಿತಾದ್ದರಿಂದ ಒಂದು ಎಚ್ಚರಿಕೆ. ಬಳ್ಳಾರಿ ನಗರ ಜೀನ್ಸ್ ಹೊಲಿಗೆಗೆ ಹೆಸರಾದ ಊರು. ಯಂತ್ರಕ್ಕೋ ಕತ್ತರಿಗೋ ಸಿಕ್ಕಿ ಬೆರಳನ್ನು ಮಡಚುವ ಸ್ನಾಯುರಜ್ಜು ತುಂಡಾದ ಕೆಲಸಗಾರನಿಗೆ ಶಸ್ತ್ರವೈದ್ಯರು ಅದನ್ನು ಹೊಲಿದು ಕಳುಹಿಸಿರುತ್ತಾರೆ. ಮೊದಲ ಕೆಲವು ವಾರ ಆ ಹೊಲಿಗೆ ಬಹು ನಾಜೂಕಾದದ್ದು. ಅಕ್ಕಪಕ್ಕದವರ ಮಾತು ಕೇಳಿ ಚೆಂಡು ಹಿಸುಕಿದರೆ ಒಳಗೆ ಹೊಲಿಗೆ ಕಿತ್ತು, ಕೈ ಮತ್ತೆ ಶಸ್ತ್ರಕ್ರಿಯೆಗೆ ಹೋಗಬಹುದು. ಪಟ್ಟಿ ಕಟ್ಟಿ, ಎಷ್ಟು ಅಲುಗಿಸಬೇಕು, ಎಷ್ಟು ಕೂಡದು ಎಂದು ಅಳೆದು ಹೇಳುವವರು ಈ ಚಿಕಿತ್ಸಕರೇ. ವಿದ್ಯಾರ್ಥಿ ಇಲ್ಲಿ ಉತ್ಸಾಹ ತೋರಿದರೆ ಅಪಾಯ, ಕೇಳಿ ಮಾಡಿದರೆ ಕ್ಷೇಮ.

ಇನ್ನೊಂದು ಅಪಾಯ ಭುಜದ್ದು. ಭುಜದ ಕೀಲು ಆಳವಿಲ್ಲದ ಬಟ್ಟಲು. ಅದನ್ನು ಹಿಡಿದಿಟ್ಟಿರುವುದು ಬಹುಮಟ್ಟಿಗೆ ಸುತ್ತಲಿನ ಸ್ನಾಯುಗಳು. ಪಾರ್ಶ್ವವಾಯುವಿನಲ್ಲಿ ಆ ಸ್ನಾಯುಗಳು ಸಡಿಲಾದರೆ ತೋಳಿನ ಭಾರವೇ ಕೀಲನ್ನು ಕೆಳಗೆಳೆಯುತ್ತದೆ. ಅಂಥವರನ್ನು ಹಾಸಿಗೆಯಿಂದ ಎಬ್ಬಿಸಲು ಬಿದ್ದುಹೋದ ಕೈಯನ್ನೇ ಹಿಡಿದು ಎಳೆಯುವುದು ಮನೆಮನೆಯಲ್ಲಿ ನಡೆಯುವ ಪ್ರೀತಿಯ ಪ್ರಮಾದ. ತಿಂಗಳುಗಟ್ಟಲೆ ಬಿಡದ ನೋವು ಅದರಿಂದ ಹತ್ತಿಕೊಳ್ಳಬಹುದು. ಮೊದಲ ದಿನವೇ ವಿದ್ಯಾರ್ಥಿಯ ಕೈಗೆ ಅಭ್ಯಾಸವಾಗಿರಬೇಕಾದದ್ದು ಇವು: ಗಾಲಿಕುರ್ಚಿಯ ಬ್ರೇಕು ಹಾಕುವುದು, ಕುರ್ಚಿಯನ್ನು ರೋಗಿಯ ಬಲವುಳ್ಳ ಪಕ್ಕಕ್ಕೆ ತರುವುದು, ತೋಳನ್ನು ಎಳೆಯದಿರುವುದು. ರಜೆಯಲ್ಲಿ ಅಣ್ಣನನ್ನೋ ತಮ್ಮನನ್ನೋ ರೋಗಿಯಾಗಿ ಕೂರಿಸಿಕೊಂಡು ಇಪ್ಪತ್ತು ಸಲ ಮಾಡಿ ನೋಡಬಹುದು. ತಮ್ಮಂದಿರು ನಗುತ್ತಾರೆ, ನಗಲಿ.

ಮಿದುಳಿನ ಪೆಟ್ಟಿನ ಲೀಲೆಗಳು ವಿಚಿತ್ರ. ಬಲಗೈ ಬಿದ್ದವರಲ್ಲಿ ಅನೇಕರಿಗೆ ಮಾತೂ ಬಿದ್ದಿರುತ್ತದೆ. ಆಡಲಾರರು, ಆದರೆ ಆಡಿದ್ದು ಎಷ್ಟೋ ಮಟ್ಟಿಗೆ ತಿಳಿಯುತ್ತಿರಬಹುದು. ಅಂಥವರ ಮುಂದೆ “ಇವರಿಗೆ ಬುದ್ಧಿ ಹೋಗಿದೆ” ಎಂದು ಪಿಸುಗುಟ್ಟುವುದು ಕ್ರೌರ್ಯ. ಎಡಭಾಗ ಬಿದ್ದವರಲ್ಲಿ ಕೆಲವರಿಗೆ ಎಡಗಡೆಯ ಜಗತ್ತೇ ಗಮನಕ್ಕೆ ಬಾರದು. ಕಣ್ಣು ನೆಟ್ಟಗಿದ್ದರೂ ತಟ್ಟೆಯ ಎಡಕ್ಕಿರುವ ಅನ್ನ ಹಾಗೆಯೇ ಉಳಿಯುತ್ತದೆ. ಮನೆಯವರು ಊಟ ಸೇರಲಿಲ್ಲವೆಂದುಕೊಂಡು ಮರುದಿನ ಹೊಸ ಪಲ್ಯ ಮಾಡುತ್ತಾರೆ.

ತಟ್ಟೆಯ ಮಾತಿನಲ್ಲಿಯೇ ಮತ್ತೊಂದಿದೆ. ಬಲಗೈ ಹೋದವರಿಗೆ ‘ಎಡಗೈಯಲ್ಲಿ ಉಣ್ಣಿ’ ಎಂದು ಪರದೇಶದ ಪುಸ್ತಕ ಸಲೀಸಾಗಿ ಹೇಳಿಬಿಡುತ್ತದೆ. ಸಿರುಗುಪ್ಪದ ಹಿರಿಯ ರೈತನೊಬ್ಬನನ್ನು ಓದುಗರು ಕಣ್ಣ ಮುಂದೆ ತಂದುಕೊಳ್ಳಲಿ. ತುಂಗಭದ್ರೆಯ ಕಾಲುವೆ ನೀರಿನಲ್ಲಿ ಭತ್ತ ಬೆಳೆದವನು, ಪಂಕ್ತಿಯಲ್ಲಿ ಮೊದಲ ಎಲೆಗೆ ಕುಳಿತವನು. ಎಡಗೈಯಲ್ಲಿ ಉಣ್ಣುವುದಕ್ಕಿಂತ ಮಗನ ಕೈತುತ್ತು ಲೇಸೆಂದು ಅವನಿಗೆ ಅನ್ನಿಸಬಹುದು. ಇಲ್ಲವೆ ಮಗನ ಕೈತುತ್ತಿಗಿಂತ ಎಡಗೈಯೇ ಲೇಸೆನ್ನಿಸಬಹುದು. ಬಲಗೈಯಲ್ಲಿ ಕೊಂಚ ಹಿಡಿತ ಉಳಿದಿದ್ದರೆ, ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿದ ಚಮಚ ಮೂರನೆಯ ದಾರಿ. ಆರಿಸಬೇಕಾದವನು ಅವನು. ಇಪ್ಪತ್ತು ವರ್ಷದ ವಿದ್ಯಾರ್ಥಿ ಅವನ ಪರವಾಗಿ ಆರಿಸಿಬಿಟ್ಟರೆ, ಮರ್ಯಾದೆಗೆ ತಲೆಯಾಡಿಸಿದ ರೈತ ಮನೆಗೆ ಹೋದ ಮೇಲೆ ಆ ಚಮಚವನ್ನು ಗೂಟಕ್ಕೆ ಹಾಕುತ್ತಾನೆ.

ಆದ್ದರಿಂದ ಕೇಳುವ ಕಲೆ ಬೇಕು. “ನಿಮ್ಮ ತೊಂದರೆ ಏನು?” ಎಂದರೆ “ಕೈ ಬಿದ್ದಿದೆ” ಎಂಬಲ್ಲಿಗೆ ಮಾತು ಮುಗಿಯುತ್ತದೆ. “ಮೊದಲು ಬೆಳಿಗ್ಗೆ ಎದ್ದು ಏನೇನು ಮಾಡುತ್ತಿದ್ದಿರಿ?” ಎಂದರೆ ಬದುವಿನ ಮೇಲೆ ನಡೆದು ಮಡೆಗೆ ನೀರು ತಿರುಗಿಸಿದ್ದು, ಎತ್ತಿಗೆ ಮೇವು ಹಾಕಿದ್ದು, ಹೋಟೆಲಿನ ಮುಂದೆ ಚಹಾ ಕುಡಿದದ್ದು ಎಲ್ಲ ಹೊರಬರುತ್ತದೆ. ಕುರುಗೋಡಿನ ಕಡೆಯ ಹೆಂಗಸಾದರೆ ಮೆಣಸಿನಕಾಯಿ ಬಿಡಿಸಿದ್ದು, ದೊಡ್ಡಬಸವೇಶ್ವರನ ಗುಡಿಗೆ ಹೋಗಿ ಬಂದದ್ದು. ಗುರಿ ಅಲ್ಲಿ ಸಿಗುತ್ತದೆ. ಮಾತೂ ಎಲ್ಲ ಕಡೆ ಒಂದೇ ಅಲ್ಲ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಸೇರಿದಾಗ ಆದವಾನಿ, ಆಲೂರು, ರಾಯದುರ್ಗ ಆಂಧ್ರದ ಪಾಲಾದವು. ರೋಗಕ್ಕೆ ಆ ಗಡಿ ಗೊತ್ತಿಲ್ಲ. 1961ರಲ್ಲಿ ವೈದ್ಯಕೀಯ ಕಾಲೇಜಾಗಿ ಹುಟ್ಟಿ, ಇಂದು ಬಳ್ಳಾರಿ ವೈದ್ಯಕೀಯ ಕಾಲೇಜು ಹಾಗೂ ಸಂಶೋಧನಾ ಕೇಂದ್ರವೆನಿಸಿದ್ದರೂ ಜನರ ಬಾಯಲ್ಲಿ ವಿಮ್ಸ್ ಆಗಿಯೇ ಉಳಿದ ಆಸ್ಪತ್ರೆಯಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಕೇಳಿಬರುತ್ತವೆ. ಬಳ್ಳಾರಿಯ ಮಕ್ಕಳಿಗೆ ಈ ಮೂರರ ಸೊಗಡು ಹುಟ್ಟಿನಿಂದಲೇ ಬಂದಿರುತ್ತದೆ. ಅದನ್ನು ಕಾಲೇಜಿನ ಇಂಗ್ಲಿಷಿನ ಕೆಳಗೆ ಹೂತುಬಿಡಬಾರದು. ಕರಾವಳಿಯ ಆಸ್ಪತ್ರೆಯಲ್ಲಿ ತುಳು ಮಾತಾಡುವವರು ಎದುರಾದಾಗಲೂ ಬೇರೆ ನುಡಿಗೆ ಕಿವಿಗೊಡುವ ಆ ಅಭ್ಯಾಸ ಒದಗಿ ಬರುತ್ತದೆ.

ಊರಿನಲ್ಲಿ ಇನ್ನೂ ಒಂದು ಅನುಕೂಲವಿದೆ. ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಅಂಗವಿಕಲರಿಗಾಗಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಅವರಲ್ಲಿ ಬಹುಮಂದಿ ಸ್ವತಃ ಅಂಗವಿಕಲರು. ಯಾವ ಮನೆಯ ಹೊಸ್ತಿಲು ಎಷ್ಟು ಎತ್ತರ, ಯಾವ ಮಗು ಶಾಲೆ ಬಿಟ್ಟಿದೆ, ಬಚ್ಚಲು ಎಷ್ಟು ದೂರ ಎಂಬುದು ಅವರಿಗೆ ಬಾಯಿಪಾಠ. ಅನುಮತಿ ಪಡೆದು ಅವರೊಡನೆ ಒಂದು ದಿನ ಸುತ್ತಿದ ವಿದ್ಯಾರ್ಥಿ, ಸಿರುಗುಪ್ಪಕ್ಕೆ 50 ಕಿಲೋಮೀಟರಿಗೂ ಮಿಗಿಲಾದ ದಾರಿ, ಬಸ್ಸಿನ ಮೊದಲ ಮೆಟ್ಟಿಲು ಮೊಣಕಾಲೆತ್ತರ ಎಂಬುದನ್ನು ಮರೆಯುವುದಿಲ್ಲ. ‘ವಾರಕ್ಕೆ ಮೂರು ಬಾರಿ ಆಸ್ಪತ್ರೆಗೆ ಬನ್ನಿ’ ಎಂದು ಚೀಟಿ ಬರೆಯುವಾಗ ಅವನ ಲೇಖನಿ ಸ್ವಲ್ಪ ತಡೆಯುತ್ತದೆ.

ಮನೆಯವರ ಸೇವೆಯನ್ನು ನಿಲ್ಲಿಸುವುದೇ ಬಹುಶಃ ಅತಿ ಕಷ್ಟದ ಕೆಲಸ. ಹೆಂಡತಿ ಅಂಗಿ ತೊಡಿಸುತ್ತಾಳೆ, ಮಗಳು ಬಾಯಿಗೆ ತುತ್ತಿಡುತ್ತಾಳೆ. ರೋಗಿಗೆ ಮಾಡಲು ಏನೂ ಉಳಿಯುವುದಿಲ್ಲ. ಬಳಸದ ಕೈಯನ್ನು ಮಿದುಳು ಕ್ರಮೇಣ ಲೆಕ್ಕದಿಂದಲೇ ಬಿಟ್ಟುಬಿಡುತ್ತದೆ. ಅವನೇ ಗುಂಡಿ ಹಾಕಿಕೊಳ್ಳಲಿ, ಹತ್ತು ನಿಮಿಷವಾಗಲಿ ಎಂದು ಚಿಕ್ಕ ವಯಸ್ಸಿನ ಹುಡುಗಿ ಹೇಳಿದರೆ ‘ಇವಳಿಗೆ ಕರುಣೆಯಿಲ್ಲ’ ಎಂಬ ಮಾತು ಬರುವುದು ಸಹಜ. ಆಗ ಮೇಲ್ವಿಚಾರಕರ ಬೆಂಬಲ ಬೇಕು. ಆ ಹತ್ತು ನಿಮಿಷ ಅವಳ ಕೈಯೂ ಸಹಾಯಕ್ಕೆ ಧಾವಿಸದಂತೆ ತಡೆದುಕೊಳ್ಳಬೇಕು.

ಮೇಲ್ವಿಚಾರಕರನ್ನು ಕುರಿತು ಮಕ್ಕಳಿಗಿರುವ ಭಯದ ಅರ್ಧ ಪಾಲು ಮನೆಯಿಂದ ಬಂದದ್ದು. ಹಿರಿಯರಿಗೆ ಎದುರಾಡಬಾರದೆಂದು ಕಲಿತವರು ಪ್ರಶ್ನೆ ಕೇಳುವುದನ್ನೂ ಎದುರಾಡುವುದೆಂದೇ ತಿಳಿಯುತ್ತಾರೆ. “ಈ ಕೆಲಸವನ್ನೇ ಏಕೆ ಆರಿಸಿದೆ?” ಎಂದು ಮೇಲ್ವಿಚಾರಕರು ಕೇಳಿದರೆ ಅದು ಗದರಿಕೆಯಲ್ಲ; ಕಾರಣವನ್ನು ಬಾಯಿಬಿಟ್ಟು ಹೇಳಿಸುವ ಪಾಠ. “ನನಗೆ ಗೊತ್ತಿಲ್ಲ, ತೋರಿಸಿಕೊಡಿ” ಎಂಬ ಎರಡು ಮಾತನ್ನು ಮನೆಯಲ್ಲಿಯೇ ಅಭ್ಯಾಸ ಮಾಡಿಸಿದರೆ ಅಂಕಪಟ್ಟಿಗಿಂತ ಹೆಚ್ಚು ಉಪಕಾರವಾದೀತು. ಹಾಗೆಯೇ, ರೋಗಿ “ನೀನು ಬೇಡ, ದೊಡ್ಡವರು ಬರಲಿ” ಎಂದರೆ ಅದು ಅವನ ಹಕ್ಕು. ನಮಸ್ಕರಿಸಿ ಹಿಂದೆ ಸರಿಯಬೇಕು; ಅವಮಾನವೆಂದು ಭಾವಿಸಬಾರದು.

ಈ ವೃತ್ತಿಗೆ ಈಗ ಕಾನೂನಿನ ಆಸರೆಯೂ ದೊರೆತಿದೆ: 2021ರ ರಾಷ್ಟ್ರೀಯ ಸಹವರ್ತಿ ಮತ್ತು ಆರೋಗ್ಯ ವೃತ್ತಿಗಳ ಆಯೋಗದ ಕಾಯಿದೆಯಲ್ಲಿ ಇದರ ಹೆಸರಿದೆ. ನೆಂಟರಿಗೆ ಹೇಳಲು ಇಷ್ಟು ಸಾಕು.

ಮನೆಯವರಿಗೆ ಕಡೆಯದಾಗಿ ಒಂದು ವಿಷಯ. ಮೊದಲ ಭಾನುವಾರ ಹಾಸ್ಟೆಲಿನಿಂದ ಫೋನು ಬಂದಾಗ “ಎಷ್ಟು ಜನರನ್ನು ಗುಣಪಡಿಸಿದೆ?” ಎಂದು ಕೇಳುವುದು ಬೇಡ. ಮೊದಲ ವಾರ ಬಹುಪಾಲು ನೋಡುವುದರಲ್ಲಿ, ಬರೆಯುವುದರಲ್ಲಿ, ಬರೆದದ್ದನ್ನು ತಿದ್ದಿಸಿಕೊಳ್ಳುವುದರಲ್ಲಿ ಕಳೆದಿರುತ್ತದೆ. “ಸಿರುಗುಪ್ಪದವರೊಬ್ಬರು ಬಂದಿದ್ದರು” ಎಂದು ಅವಳು ಬಾಯಿ ತಪ್ಪಿ ಅಂದರೆ “ಯಾರ ಮನೆಯವರು? ಹೆಸರೇನು?” ಎಂದು ಕೆದಕಬಾರದು. ರೋಗಿಯ ಹೆಸರು, ಮನೆತನ, ಕಾಯಿಲೆ ಯಾವುದೂ ವಾರ್ಡಿನ ಬಾಗಿಲು ದಾಟಕೂಡದು. ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಸುದ್ದಿ ಬಸ್ಸಿಗಿಂತ ಬೇಗ ಮುಟ್ಟುತ್ತದೆ. ಅಲ್ಲಿ ಮದುವೆಗೆ ಬಂದ ಹೆಣ್ಣುಮಕ್ಕಳಿರುತ್ತಾರೆ. ಮಗಳು “ಅಮ್ಮ, ಅದು ಹೇಳುವ ಹಾಗಿಲ್ಲ” ಎಂದರೆ ತಾಯಿ ಬೇಸರಪಡದೆ ಊಟದ ವಿಚಾರ ತೆಗೆಯಲಿ.